ದತ್ತು ಮಗುವಿನ ನಿರೀಕ್ಷೆ: ಕಾಯುವ ಕಾಲದಲ್ಲಿ ಕ್ರೈಸ್ತ ವಿಶ್ವಾಸದ ಆಸರೆ

ಕರಾವಳಿಯ ಕೆಥೊಲಿಕ್ ಚರ್ಚುಗಳಲ್ಲಿ ಆಗಸ್ಟ್ 30ರಿಂದ ಒಂಬತ್ತು ದಿನಗಳ ಕಾಲ ಮಕ್ಕಳು ಹೂವು ತಂದು ಬಾಲೆ ಮೇರಿಗೆ ಅರ್ಪಿಸುತ್ತಾರೆ. ಸೆಪ್ಟೆಂಬರ್ 8ರಂದು ಮೊಂತಿ ಹಬ್ಬ. ಅಂದು ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು, ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಹೊಸ ಅಕ್ಕಿಯ ಊಟ ಮಾಡುವುದು ಸಂಪ್ರದಾಯ. ಪರದೇಶದಲ್ಲಿರುವವರಿಗೆ ಆ ತೆನೆಯ ನಾಲ್ಕು ಕಾಳುಗಳನ್ನು ಅಂಚೆಯ ಲಕೋಟೆಯಲ್ಲಿಟ್ಟು ಕಳುಹಿಸುವ ವಾಡಿಕೆಯೂ ಇದೆ. ಮಕ್ಕಳಿಲ್ಲದ ದಂಪತಿಗೆ ಈ ಹಬ್ಬ ಸಂಭ್ರಮದಷ್ಟೇ ನೋವನ್ನೂ ತರುತ್ತದೆ. ಹೂವಿನ ಬುಟ್ಟಿ ಹಿಡಿದು ಸಾಲಿನಲ್ಲಿ ನಿಲ್ಲಲು ಅವರ ಮನೆಯಿಂದ ಯಾರೂ ಇರುವುದಿಲ್ಲ.

ಬ್ರಹ್ಮಾವರ ತಾಲ್ಲೂಕಿನ ಸಾಸ್ತಾನದ ಆಸುಪಾಸಿನಲ್ಲಿ ಕೊಂಕಣಿ ಮಾತನಾಡುವ ಕ್ರೈಸ್ತ ಕುಟುಂಬಗಳು ತಲೆಮಾರುಗಳಿಂದ ನೆಲೆಸಿವೆ. ಕರಾವಳಿಯ ಇತರ ಊರುಗಳಂತೆ ಇಲ್ಲಿಂದಲೂ ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದವರಿದ್ದಾರೆ. ಅಂತಹ ಒಂದು ದಂಪತಿ ಭಾರತದಿಂದ ಮಗುವನ್ನು ದತ್ತು ಪಡೆಯಲು ನಿರ್ಧರಿಸಿದರೆಂದು ಭಾವಿಸೋಣ. ಅವರು ಎಷ್ಟು ಕಾಯಬೇಕು, ಏಕೆ ಕಾಯಬೇಕು, ಆ ಅವಧಿಯಲ್ಲಿ ಅವರ ವಿಶ್ವಾಸವು ಅವರಿಗೆ ಏನನ್ನು ಕೊಡಬಲ್ಲದು ಎಂಬುದನ್ನು ವಿವರಿಸುವುದು ಈ ಲೇಖನದ ಉದ್ದೇಶ.

ಪಾಲಕರಾಗಿದ್ದವರು ಪೋಷಕರಾದದ್ದು

ಭಾರತದ ಕ್ರೈಸ್ತರಿಗೆ ದತ್ತು ಪಡೆಯುವ ಸ್ಪಷ್ಟ ಹಕ್ಕು ದೊರೆತದ್ದು ತೀರಾ ಈಚೆಗೆ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲ. ಮಗುವನ್ನು ಮನೆಗೆ ತಂದ ಕ್ರೈಸ್ತ ದಂಪತಿ 1890ರ ಪಾಲಕರ ಮತ್ತು ಪಾಲ್ಯರ ಕಾಯ್ದೆಯಡಿ ಕೇವಲ ಪಾಲಕರಾಗಬಹುದಿತ್ತು. ಮಗು ಪ್ರಾಪ್ತ ವಯಸ್ಸಿಗೆ ಬಂದೊಡನೆ ಆ ಸಂಬಂಧ ಕಾನೂನಿನ ದೃಷ್ಟಿಯಲ್ಲಿ ಮುಗಿಯುತ್ತಿತ್ತು. 1999ರಲ್ಲಿ ಕೇರಳ ಹೈಕೋರ್ಟ್ ಕ್ರೈಸ್ತ ದಂಪತಿಯ ದತ್ತುಪುತ್ರನ ಹಕ್ಕನ್ನು ಎತ್ತಿಹಿಡಿಯಿತು. ಅನಂತರ 2000ದ ಬಾಲನ್ಯಾಯ ಕಾಯ್ದೆ ಮತ್ತು ಅದಕ್ಕೆ 2006ರಲ್ಲಿ ಆದ ತಿದ್ದುಪಡಿ ಎಲ್ಲ ಧರ್ಮದವರಿಗೂ ದತ್ತಿನ ಬಾಗಿಲು ತೆರೆದವು. ಈಗ ಜಾರಿಯಲ್ಲಿರುವುದು 2015ರ ಕಾಯ್ದೆ.

ಇಲ್ಲಿ ಒಂದು ತಪ್ಪು ಕಲ್ಪನೆಯನ್ನು ನಿವಾರಿಸಬೇಕು. ಮಗುವಿಗೆ ಜ್ಞಾನಸ್ನಾನ ಮಾಡಿಸಿ ಚರ್ಚಿನ ದಾಖಲೆಯಲ್ಲಿ ಹೆಸರು ಬರೆಸಿದ ಮಾತ್ರಕ್ಕೆ ದತ್ತು ಆಗುವುದಿಲ್ಲ. ಕೆಥೊಲಿಕ್ ಧರ್ಮಸಭೆಯ 1983ರ ಕಾನೂನು ಸಂಹಿತೆಯ 110ನೇ ವಿಧಿಯೇ ನಾಗರಿಕ ಕಾನೂನಿನ ಪ್ರಕಾರ ದತ್ತು ಪಡೆದ ಮಕ್ಕಳನ್ನು ಆ ತಂದೆ ತಾಯಿಯರ ಮಕ್ಕಳೆಂದು ಪರಿಗಣಿಸುತ್ತದೆ. ಅಂದರೆ ಧರ್ಮಸಭೆಯೂ ಈ ವಿಷಯದಲ್ಲಿ ದೇಶದ ಕಾನೂನಿನತ್ತಲೇ ಬೆರಳು ತೋರಿಸುತ್ತದೆ.

ಕಾಯುವಿಕೆಯ ಹಂತಗಳು

ಅಂತರ್ದೇಶೀಯ ದತ್ತು ಕುರಿತ ಹೇಗ್ ಒಪ್ಪಂದ ರೂಪುಗೊಂಡದ್ದು 1993ರಲ್ಲಿ. ಭಾರತ ಅದನ್ನು 2003ರಲ್ಲಿ ಅಂಗೀಕರಿಸಿತು. ಕೊಲ್ಲಿ ರಾಷ್ಟ್ರಗಳು ಈ ಒಪ್ಪಂದದಲ್ಲಿ ಸೇರಿಲ್ಲ. ಆದ್ದರಿಂದ ಅಲ್ಲಿರುವ ಅನಿವಾಸಿ ಭಾರತೀಯರು ಮಾನ್ಯತೆ ಪಡೆದ ಸಂಸ್ಥೆ ಇಲ್ಲದ ಕಡೆ ಭಾರತೀಯ ರಾಯಭಾರ ಕಚೇರಿಯ ಮೂಲಕ ಮುಂದುವರಿಯಬೇಕಾಗುತ್ತದೆ. ಮೊದಲು ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರದ, ಅಂದರೆ ‘ಕಾರಾ’ದ ಜಾಲತಾಣದಲ್ಲಿ ನೋಂದಣಿ, ಬಳಿಕ ದಂಪತಿಯ ಆರೋಗ್ಯ, ಆದಾಯ, ಮನೆಯ ವಾತಾವರಣ ಪರಿಶೀಲಿಸುವ ಗೃಹ ಅಧ್ಯಯನ ವರದಿ, ಆಮೇಲೆ ಸರದಿ.

ಸರದಿಯೇ ಅತ್ಯಂತ ದೀರ್ಘವಾದ ಹಂತ. ಅನಿವಾಸಿ ಭಾರತೀಯರಿಗೆ ದೇಶದೊಳಗಿನ ಭಾರತೀಯರಷ್ಟೇ ಆದ್ಯತೆ ಇದೆ. ಆದರೆ ಕಾಯುತ್ತಿರುವ ದಂಪತಿಗಳ ಸಂಖ್ಯೆ ಲಭ್ಯವಿರುವ ಮಕ್ಕಳ ಸಂಖ್ಯೆಗಿಂತ ಹಲವು ಪಟ್ಟು ಹೆಚ್ಚು. 2024–25ನೇ ಸಾಲಿನಲ್ಲಿ ಇಡೀ ದೇಶದಲ್ಲಿ ನಡೆದ ದತ್ತುಗಳು 4,515; ಅವುಗಳಲ್ಲಿ ದೇಶದೊಳಗೇ ಆದವು 4,155. ಆರೋಗ್ಯವಂತ ಎಳೆಯ ಮಗುವನ್ನೇ ಬಯಸುವವರು ಮೂರು ವರ್ಷಕ್ಕೂ ಮೀರಿ ಕಾಯುವುದು ಅಪರೂಪವಲ್ಲ.

ಮಗುವಿನ ಭಾವಚಿತ್ರ ಮತ್ತು ವೈದ್ಯಕೀಯ ವರದಿ ಕೈಸೇರಿ, ದಂಪತಿ ಒಪ್ಪಿಗೆ ನೀಡಿದ ಮೇಲೂ ಕಾಯುವಿಕೆ ಮುಗಿಯದು. ಕಾರಾದ ನಿರಾಕ್ಷೇಪಣಾ ಪತ್ರ, ಜಿಲ್ಲಾಧಿಕಾರಿಯ ದತ್ತು ಆದೇಶ, ಮಗುವಿನ ಪಾಸ್‌ಪೋರ್ಟ್, ವೀಸಾ ಒಂದರ ಹಿಂದೊಂದು ಬರಬೇಕು. ಮೊದಲು ನ್ಯಾಯಾಲಯ ನೀಡುತ್ತಿದ್ದ ದತ್ತು ಆದೇಶದ ಅಧಿಕಾರ 2022ರ ಸೆಪ್ಟೆಂಬರ್‌ನಿಂದ ಜಿಲ್ಲಾಧಿಕಾರಿಗೆ ವರ್ಗವಾಗಿದೆ. ಅರ್ಜಿ ಸಲ್ಲಿಸಿದ ಎರಡು ತಿಂಗಳೊಳಗೆ ಆದೇಶ ಬರಬೇಕೆಂಬುದು ನಿಯಮ. ಮಗು ಮನೆ ಸೇರಿದ ಮೇಲೂ ಎರಡು ವರ್ಷ ಅದರ ಯೋಗಕ್ಷೇಮದ ವರದಿ ಸಲ್ಲಿಕೆಯಾಗುತ್ತದೆ.

ಈ ಪೈಕಿ ಮನಸ್ಸನ್ನು ಹೆಚ್ಚು ಹಿಂಡುವುದು ಭಾವಚಿತ್ರ ಬಂದ ನಂತರದ ಕಾಲ. ಅಲ್ಲಿಯವರೆಗೆ ಹೆಸರಿಲ್ಲದ ಹಂಬಲವಾಗಿದ್ದುದಕ್ಕೆ ಈಗ ಮುಖವಿದೆ. ಮಗು ಇನ್ನೊಂದು ಊರಿನ ತೊಟ್ಟಿಲಲ್ಲಿದೆ. ಅದು ಜ್ವರದಿಂದ ನರಳಿದರೆ ಹಣೆ ಮುಟ್ಟಿ ನೋಡುವವರು ಬೇರೆ ಯಾರೋ.

ಆ ಅರವತ್ತು ದಿನಗಳು

ಇಷ್ಟು ವಿಳಂಬ ಏಕೆ? ಉತ್ತರದ ಒಂದು ಭಾಗ ಕಚೇರಿಗಳ ನಿಧಾನಗತಿ. ಅದನ್ನು ಪ್ರಶ್ನಿಸುವುದು ನ್ಯಾಯವೇ. ಇನ್ನೊಂದು ಭಾಗ ಮಗುವಿನ ರಕ್ಷಣೆ. ಮಗುವನ್ನು ಒಪ್ಪಿಸಿದ ತಂದೆ ತಾಯಿಗೆ ಮನಸ್ಸು ಬದಲಿಸಲು ಕಾನೂನು 60 ದಿನಗಳ ಅವಕಾಶ ನೀಡುತ್ತದೆ. ತೊರೆಯಲ್ಪಟ್ಟ ಮಗುವಾದರೆ, ಎರಡು ವರ್ಷದೊಳಗಿನದಕ್ಕೆ ಎರಡು ತಿಂಗಳು, ದೊಡ್ಡದಕ್ಕೆ ನಾಲ್ಕು ತಿಂಗಳು ಹೆತ್ತವರ ಶೋಧ ನಡೆಯಬೇಕು. ಅನಂತರವೇ ಮಕ್ಕಳ ಕಲ್ಯಾಣ ಸಮಿತಿ ಆ ಮಗುವನ್ನು ದತ್ತಿಗೆ ಮುಕ್ತವೆಂದು ಘೋಷಿಸುತ್ತದೆ.

ಈ ಎಚ್ಚರಿಕೆಗೆ ಇತಿಹಾಸವಿದೆ. ವಿದೇಶಿ ದತ್ತಿನ ಹೆಸರಿನಲ್ಲಿ ನಡೆಯುತ್ತಿದ್ದ ಅವ್ಯವಹಾರಗಳ ಬಗ್ಗೆ ವಕೀಲ ಲಕ್ಷ್ಮೀಕಾಂತ ಪಾಂಡೆ ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಅರ್ಜಿಯೆಂದು ಸ್ವೀಕರಿಸಿ, 1984ರಲ್ಲಿ ವಿಸ್ತೃತ ಮಾರ್ಗಸೂಚಿ ನೀಡಿತು. ಇಂದಿನ ವ್ಯವಸ್ಥೆಯ ಬೇರು ಆ ತೀರ್ಪಿನಲ್ಲಿದೆ.

ಕಾಯುವ ದಂಪತಿಯ ಪ್ರಾರ್ಥನೆಗೆ ನಿಜವಾದ ಪರೀಕ್ಷೆ ಎದುರಾಗುವುದೂ ಇಲ್ಲಿಯೇ. ‘ದೇವರೇ, ಬೇಗನೆ ಮಗುವನ್ನು ಕೊಡು’ ಎಂದು ಬೇಡುವಾಗ, ಇನ್ನೊಬ್ಬ ತಾಯಿ ತನ್ನ ಮಗುವನ್ನು ಬೇಗ ಬಿಟ್ಟುಕೊಡಲಿ ಎಂಬ ಅರ್ಥವೂ ಅದರಲ್ಲಿ ಅಡಗಿರಬಹುದು. ಆ ಅರವತ್ತು ದಿನಗಳಲ್ಲಿ ತಾಯಿ ಮರಳಿ ಬಂದರೆ ಅದು ಮಗುವಿನ ಪಾಲಿಗೆ ಸೌಭಾಗ್ಯ. ದಂಪತಿಗೆ ಮಾತ್ರ ಇನ್ನಷ್ಟು ಕಾಯುವಿಕೆ. ಎರಡನ್ನೂ ದೇವರ ಕೈಯಲ್ಲಿಡಬಲ್ಲ ಪ್ರಾರ್ಥನೆ ಸುಲಭದ್ದಲ್ಲ.

ಬೈಬಲ್ ಈ ತಾಯಿಯನ್ನು ಮರೆಯುವುದಿಲ್ಲ. ನೈಲ್ ನದಿಯ ಜೊಂಡಿನ ನಡುವೆ ದೊರೆತ ಮೋಶೆಯನ್ನು ಫರೋಹನ ಮಗಳು ಮಗನಾಗಿ ಸ್ವೀಕರಿಸಿದಳು. ಆದರೆ ಅವನಿಗೆ ಹಾಲೂಡಿಸಲು ಬಂದವಳು ಹೆತ್ತ ತಾಯಿಯೇ. ದೂರ ನಿಂತು ಬುಟ್ಟಿಯನ್ನು ಕಾಯುತ್ತಿದ್ದವಳು ಅವನ ಅಕ್ಕ. ಒಂದು ದತ್ತಿನ ಹಿಂದೆ ಎರಡು ಮನೆಗಳಿವೆ ಎಂಬುದನ್ನು ಆ ಕಥೆ ಮುಚ್ಚಿಡುವುದಿಲ್ಲ.

ವಿಶ್ವಾಸ ಕೊಡುವುದೇನು?

ಮಗುವಿಗಾಗಿ ದೇವಾಲಯದಲ್ಲಿ ಕಣ್ಣೀರಿಟ್ಟ ಹನ್ನಳ ಕಥೆಯನ್ನು ಇಂತಹ ದಂಪತಿಗೆ ಬಹಳ ಮಂದಿ ಹೇಳುತ್ತಾರೆ. ಅದರ ಕೊನೆ ಸುಖಾಂತ. ಆದರೆ ದತ್ತಿನ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಸಂತ ಪೌಲನ ಬರಹ. ರೋಮನರಿಗೆ ಬರೆದ ಪತ್ರದ ಎಂಟನೇ ಅಧ್ಯಾಯದಲ್ಲಿ ಅವನು ಮನುಷ್ಯರನ್ನು ದೇವರ ದತ್ತು ಮಕ್ಕಳೆಂದು ಕರೆಯುತ್ತಾನೆ. ಅದೇ ಅಧ್ಯಾಯದಲ್ಲಿ ಆ ದತ್ತು ಪೂರ್ಣಗೊಳ್ಳುವುದಕ್ಕಾಗಿ ನರಳುತ್ತಾ ಕಾಯುತ್ತಿದ್ದೇವೆ ಎಂದೂ ಹೇಳುತ್ತಾನೆ. ದತ್ತು, ನರಳಿಕೆ, ತಾಳ್ಮೆ ಮೂರೂ ಅಲ್ಲಿ ಒಂದೇ ಉಸಿರಿನಲ್ಲಿ ಬರುತ್ತವೆ. ಕಾಯುವವನು ನರಳಿದರೆ ಅದು ಅವಿಶ್ವಾಸವಲ್ಲ ಎಂಬುದು ಅದರ ತಾತ್ಪರ್ಯ.

ವಿಶ್ವಾಸವು ನಿರ್ದಿಷ್ಟ ಮಗುವಿನ ಭರವಸೆ ಪತ್ರವಲ್ಲ ಎಂಬುದನ್ನೂ ಹೇಳಲೇಬೇಕು. ಚೀನಾ 2024ರ ಸೆಪ್ಟೆಂಬರ್‌ನಲ್ಲಿ, ಸಮೀಪದ ರಕ್ತಸಂಬಂಧಿಗಳಂತಹ ಕೆಲವು ಸಂದರ್ಭಗಳನ್ನು ಬಿಟ್ಟು, ವಿದೇಶಿ ದತ್ತನ್ನು ಸಂಪೂರ್ಣ ನಿಲ್ಲಿಸಿತು. ಕೋವಿಡ್ ಕಾಲದಿಂದ ಮಗುವಿನ ಚಿತ್ರ ಇಟ್ಟುಕೊಂಡು ಕಾಯುತ್ತಿದ್ದ ಅಮೆರಿಕದ ನೂರಾರು ಕುಟುಂಬಗಳ ನಿರೀಕ್ಷೆ ಅಲ್ಲಿಗೆ ಕಡಿಯಿತು. ಅವರಲ್ಲಿ ಪ್ರಾರ್ಥಿಸಿದವರೂ ಇದ್ದರು. ‘ದೇವರು ಈ ಮಗುವನ್ನೇ ನಿಮಗಾಗಿ ಇಟ್ಟಿದ್ದಾನೆ’ ಎಂದು ಧೈರ್ಯ ತುಂಬುವ ಬಂಧುಗಳು ಇದನ್ನು ನೆನಪಿಡುವುದು ಒಳ್ಳೆಯದು.

ಅಡ್ಡದಾರಿಯ ಆಮಿಷವೂ ಈ ಕಾಲದಲ್ಲೇ ಎದುರಾಗುತ್ತದೆ. ಪರಿಚಿತರ ಮೂಲಕ ನೇರವಾಗಿ ಮಗುವನ್ನು ಪಡೆಯುವುದು ಅಪರಾಧ. ಮೂರು ವರ್ಷದವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿ ದಂಡ, ಇಲ್ಲವೇ ಎರಡೂ. ಬಂಧುಗಳ ಮಗುವನ್ನು ವಿದೇಶಕ್ಕೆ ಒಯ್ಯಲೂ ಕಾನೂನಿನಲ್ಲಿ ಪ್ರತ್ಯೇಕ ವಿಧಾನವಿದೆ. ಅದನ್ನು ಸೌಹಾರ್ದದ ಮೇಲೆ ನಡೆಸಿಕೊಳ್ಳುವಂತಿಲ್ಲ.

2022ರ ಜನವರಿಯಲ್ಲಿ, ಸಂತ ಜೋಸೆಫರು ಯೇಸುವಿನ ಸಾಕುತಂದೆಯಾದುದನ್ನು ಕುರಿತು ಮಾತನಾಡುತ್ತಾ, ಅಂದಿನ ಪೋಪ್ ಫ್ರಾನ್ಸಿಸ್ ದತ್ತು ಪ್ರಕ್ರಿಯೆ ಸರಳವಾಗಬೇಕು, ಆದರೆ ಗಂಭೀರ ಪರಿಶೀಲನೆಯೂ ಇರಬೇಕು ಎಂದಿದ್ದರು. ಕಾಯುವವರ ಸಂಕಟ ಮತ್ತು ಮಗುವಿನ ರಕ್ಷಣೆ ಎರಡಕ್ಕೂ ಆ ಮಾತಿನಲ್ಲಿ ಸ್ಥಾನವಿತ್ತು.

ಊರಿನವರು ಮಾಡಬಹುದಾದದ್ದು

ಸಾಸ್ತಾನದಿಂದ ಉಡುಪಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಸಂತೆಕಟ್ಟೆ ಸಿಗುತ್ತದೆ. ಅಲ್ಲಿನ ಕೃಷ್ಣಾನುಗ್ರಹ ಮಮತೆಯ ತೊಟ್ಟಿಲು ದತ್ತು ಕೇಂದ್ರ. ಪರದೇಶದ ಕಡತಗಳಲ್ಲಿ ದೂರದ ಸಂಗತಿಯೆಂದು ತೋರುವ ದತ್ತು, ಈ ಊರಿನವರಿಗೆ ಬಸ್ಸಿನ ಕಿಟಕಿಯಷ್ಟು ಸಮೀಪ. ಮಗುವಿನ ಜಾತಿ, ಬಣ್ಣ, ಮೂಲ ಕೇಳುವ ಅಭ್ಯಾಸವನ್ನು ನಾವು ಬಿಟ್ಟರೆ, ಮುಂದೆ ಮನೆಗೆ ಬರುವ ಮಗುವಿನ ದಾರಿ ಅಷ್ಟು ಸಲೀಸಾಗುತ್ತದೆ. ‘ಇನ್ನೂ ಆಗಲಿಲ್ಲವೇ?’ ಎಂದು ಪ್ರತಿ ಭಾನುವಾರ ಚರ್ಚಿನ ಅಂಗಳದಲ್ಲಿ ವಿಚಾರಿಸುವುದಕ್ಕಿಂತ, ದಂಪತಿಯ ಜೊತೆ ಸುಮ್ಮನೆ ಕುಳಿತು ಒಂದು ಜಪಸರ ಮುಗಿಸುವುದು ಹೆಚ್ಚಿನ ಉಪಕಾರ. ಆ ಜಪಸರದಲ್ಲಿ ಹೆತ್ತ ತಾಯಿಗಾಗಿ ಒಂದು ಪ್ರಾರ್ಥನೆ ಇರಲಿ. ಅವಳ ಹೆಸರನ್ನು ಆ ದಂಪತಿ ಎಂದೂ ತಿಳಿಯದೇ ಹೋಗಬಹುದು.