ಸಲೈನ್ ಬಾಟಲಿ: ಕೊನೆಯ ಕಾವಲು ದಾದಿಯದ್ದು

ಆಸ್ಪತ್ರೆಯ ವಾರ್ಡುಗಳಲ್ಲಿ ಸ್ಟ್ಯಾಂಡಿಗೆ ತೂಗುಬಿದ್ದ ಸಲೈನ್ ಬಾಟಲಿಗಿಂತ ಸಾಮಾನ್ಯವಾದ ದೃಶ್ಯ ಮತ್ತೊಂದಿಲ್ಲ. ಜ್ವರ, ವಾಂತಿ-ಭೇದಿ, ಶಸ್ತ್ರಚಿಕಿತ್ಸೆ, ಹೆರಿಗೆ, ಅಪಘಾತ, ಹೀಗೆ ಕಾರಣ ಯಾವುದೇ ಇರಲಿ, ದಾಖಲಾದ ಕೆಲವೇ ನಿಮಿಷಗಳಲ್ಲಿ ರೋಗಿಯ ಕೈಗೆ ಡ್ರಿಪ್ ಹಾಕಲಾಗುತ್ತದೆ. ಇಷ್ಟೊಂದು ಸಾಮಾನ್ಯವಾಗಿರುವುದರಿಂದಲೇ ಇದರಲ್ಲಿ ಅಪಾಯವೇನೂ ಇಲ್ಲ ಎಂಬ ಭಾವನೆ ಬೇರೂರಿದೆ.

ಈ ಭಾವನೆಗೆ ರಾಜ್ಯದಲ್ಲಿ ದೊಡ್ಡ ಪೆಟ್ಟು ಬಿದ್ದದ್ದು 2024ರ ನವೆಂಬರ್‌ನಲ್ಲಿ. ಬಳ್ಳಾರಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯ ನಂತರ ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ಸಾವಿಗೀಡಾದಾಗ, ಅವರಿಗೆ ನೀಡಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಶಂಕೆ ಮೂಡಿತು. ಸಂಬಂಧಪಟ್ಟ ಕಂಪನಿಯ ದ್ರಾವಣದ ಬಳಕೆಯನ್ನು ರಾಜ್ಯ ಸರ್ಕಾರ ನಿಲ್ಲಿಸಿತು, ತನಿಖೆಗೂ ಆದೇಶಿಸಿತು. ಅಲ್ಲಿಯವರೆಗೆ ಔಷಧವೆಂದೇ ಬಹುತೇಕರು ಪರಿಗಣಿಸದಿದ್ದ ಆ ದ್ರವ, ಔಷಧಗಳಲ್ಲೇ ಅತ್ಯಂತ ಎಚ್ಚರ ಬೇಡುವಂಥದ್ದು ಎಂಬುದು ಜನಸಾಮಾನ್ಯರಿಗೂ ತಿಳಿಯಿತು.

ಬಾಯಿಯ ಮೂಲಕ ದೇಹ ಸೇರುವ ವಸ್ತುವಿಗೆ ಹಲವು ತಡೆಗಳಿವೆ. ನಾಲಿಗೆ ರುಚಿ ನೋಡುತ್ತದೆ, ಜಠರದ ಆಮ್ಲ ಕ್ರಿಮಿಗಳನ್ನು ಕೊಲ್ಲುತ್ತದೆ, ಕರುಳು ಬೇಡವಾದುದನ್ನು ಹೊರಹಾಕುತ್ತದೆ. ರಕ್ತನಾಳಕ್ಕೆ ನೇರವಾಗಿ ಇಳಿಯುವ ದ್ರವಕ್ಕೆ ಈ ಯಾವ ತಡೆಯೂ ಇಲ್ಲ. ಒಮ್ಮೆ ಒಳಹೋದದ್ದನ್ನು ಹಿಂದಕ್ಕೆ ಪಡೆಯಲೂ ಸಾಧ್ಯವಿಲ್ಲ. ಕಾರ್ಖಾನೆ, ಔಷಧ ಪ್ರಯೋಗಾಲಯ, ಉಗ್ರಾಣ, ವೈದ್ಯರ ಆದೇಶ ಇವೆಲ್ಲವನ್ನೂ ದಾಟಿ ಬರುವ ಬಾಟಲಿಯನ್ನು ಕೊನೆಯದಾಗಿ ಪರಿಶೀಲಿಸುವವರು ದಾದಿಯರು. ಆ ಪರಿಶೀಲನೆಗೆ ಬೇಕಾಗುವುದು ಕೆಲವೇ ನಿಮಿಷ. ಆ ನಿಮಿಷಗಳು ಅವರಿಗೆ ಸಿಗುತ್ತಿವೆಯೇ ಎಂಬುದೇ ರೋಗಿಯ ಸುರಕ್ಷತೆಯ ಮುಖ್ಯ ಪ್ರಶ್ನೆ.

ಬಾಟಲಿಯಲ್ಲಿ ಏನಿದೆ?

ರಕ್ತನಾಳಕ್ಕೆ ಉಪ್ಪುನೀರು ನೀಡುವ ಪದ್ಧತಿ ಆರಂಭವಾದದ್ದು ಕಾಲರಾ ಪಿಡುಗಿನ ಕಾಲದಲ್ಲಿ. 1832ರಲ್ಲಿ ಸ್ಕಾಟ್ಲೆಂಡಿನ ವೈದ್ಯ ಥಾಮಸ್ ಲಟ್ಟಾ, ದೇಹದ ನೀರಿನಂಶವೆಲ್ಲ ಬತ್ತಿ ಸಾವಿನಂಚಿಗೆ ತಲುಪಿದ್ದ ರೋಗಿಗಳಿಗೆ ಇದನ್ನು ಪ್ರಯೋಗಿಸಿದರು. ಇಂದು ವಾರ್ಡುಗಳಲ್ಲಿ ಹೆಚ್ಚು ಬಳಕೆಯಾಗುವ ದ್ರಾವಣಗಳು ಮೂರು. ನಾರ್ಮಲ್ ಸಲೈನ್ ಎಂದರೆ ಶೇ 0.9ರ ಉಪ್ಪುನೀರು. ರಿಂಗರ್ ಲ್ಯಾಕ್ಟೇಟ್‌ನಲ್ಲಿ ಸೋಡಿಯಂ ಜತೆಗೆ ಪೊಟ್ಯಾಸಿಯಂ, ಕ್ಯಾಲ್ಸಿಯಂ ಹಾಗೂ ಲ್ಯಾಕ್ಟೇಟ್ ಇರುತ್ತವೆ. ಮೂರನೆಯದು ಜನ 'ಗ್ಲೂಕೋಸ್' ಎನ್ನುವ ಶೇ 5ರ ಡೆಕ್ಸ್‌ಟ್ರೋಸ್.

'ಸುಸ್ತು ಇದೆ, ಒಂದು ಬಾಟಲಿ ಗ್ಲೂಕೋಸ್ ಹಾಕಿ' ಎಂದು ರೋಗಿಗಳೇ ಒತ್ತಾಯಿಸುವುದು ನಗರಗಳ ಕ್ಲಿನಿಕ್‌ಗಳಲ್ಲಿಯೂ ಅಪರೂಪವೇನಲ್ಲ. ಅರ್ಧ ಲೀಟರಿನ ಬಾಟಲಿಯಲ್ಲಿರುವುದು 25 ಗ್ರಾಂ ಗ್ಲೂಕೋಸ್, ಅಂದರೆ ಐದಾರು ಚಮಚ ಸಕ್ಕರೆಯಷ್ಟು. ಕುಡಿದು ಅರಗಿಸಿಕೊಳ್ಳಬಲ್ಲವರಿಗೆ ಒಂದು ಲೋಟ ಪಾನಕದಿಂದಲೂ ಅಷ್ಟು ಶಕ್ತಿ ದೊರೆಯುತ್ತದೆ. ಸಾಧಾರಣ ಭೇದಿಗೆ ಓಆರ್‌ಎಸ್ ಸಾಕು. ಅನಗತ್ಯವಾದ ಡ್ರಿಪ್ ಹಾಕದಿರುವುದೇ ಸುರಕ್ಷತೆಯ ಮೊದಲ ಹೆಜ್ಜೆ.

ತೂಗುಹಾಕುವ ಮುನ್ನ

ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡುವುದು ದಾದಿಯರಿಗೆ ಕಲಿಸುವ ಮೊದಲ ಪಾಠಗಳಲ್ಲೊಂದು. ದ್ರಾವಣ ಮಬ್ಬಾಗಿದ್ದರೆ, ಕಣಗಳು ತೇಲುತ್ತಿದ್ದರೆ, ಬಾಟಲಿ ಸೋರುತ್ತಿದ್ದರೆ, ಮುಚ್ಚಳದ ಸೀಲು ಸಡಿಲವಾಗಿದ್ದರೆ ಅಥವಾ ಅವಧಿ ಮೀರಿದ್ದರೆ ಅದನ್ನು ಬಳಸುವಂತಿಲ್ಲ. ಆದರೆ ಕಣ್ಣಿಗೂ ಮಿತಿಯಿದೆ. ಪ್ರತಿ ಮಿಲಿಲೀಟರಿನಲ್ಲಿ ಲಕ್ಷಾಂತರ ಬ್ಯಾಕ್ಟೀರಿಯಾ ಇದ್ದರೂ ದ್ರಾವಣ ತಿಳಿಯಾಗಿಯೇ ಕಾಣಬಹುದು. ಸತ್ತ ಬ್ಯಾಕ್ಟೀರಿಯಾದಿಂದ ಉಳಿಯುವ ಎಂಡೋಟಾಕ್ಸಿನ್ ಎಂಬ ವಿಷವಂತೂ ಕಣ್ಣಿಗೆ ಕಾಣುವುದೇ ಇಲ್ಲ. ಸಾಮಾನ್ಯ ಕ್ರಿಮಿಶುದ್ಧೀಕರಣದಿಂದ ಅದು ನಾಶವಾಗುವುದೂ ಇಲ್ಲ.

ಆದ್ದರಿಂದಲೇ ಬಾಟಲಿಯ ಬ್ಯಾಚ್ ಸಂಖ್ಯೆಯನ್ನು ಕೇಸ್‌ಶೀಟಿನಲ್ಲಿ ಬರೆದಿಡುವ ಅಭ್ಯಾಸಕ್ಕೆ ವಿಶೇಷ ಮಹತ್ವವಿದೆ. ಇಬ್ಬರು ಮೂವರು ರೋಗಿಗಳಲ್ಲಿ ಒಂದೇ ಬಗೆಯ ತೊಂದರೆ ಕಂಡಾಗ, ಅವರೆಲ್ಲರಿಗೂ ಸಮಾನವಾದದ್ದು ಯಾವುದು ಎಂಬುದನ್ನು ಆ ಒಂದು ಸಾಲು ತಿಳಿಸುತ್ತದೆ. ಉಳಿದ ಬಾಟಲಿಗಳನ್ನು ಗಂಟೆಯೊಳಗೆ ತಡೆಹಿಡಿಯಬಹುದು. ಅದಿಲ್ಲದಿದ್ದರೆ ಹುಡುಕಾಟಕ್ಕೇ ದಿನಗಳು ಹಿಡಿಯುತ್ತವೆ.

ಡ್ರಿಪ್ ಆರಂಭವಾದ ಸ್ವಲ್ಪ ಹೊತ್ತಿನಲ್ಲಿಯೇ ರೋಗಿಗೆ ನಡುಕ, ಚಳಿಜ್ವರ, ಉಸಿರಾಟದ ತೊಂದರೆ ಅಥವಾ ದದ್ದು ಕಾಣಿಸಿಕೊಂಡರೆ ಹನಿಯನ್ನು ತಕ್ಷಣ ನಿಲ್ಲಿಸಿ ವೈದ್ಯರನ್ನು ಕರೆಯಬೇಕು. ಆ ಬಾಟಲಿ ಮತ್ತು ನಳಿಕೆಯನ್ನು ಕಸಕ್ಕೆ ಎಸೆಯದೆ ಪರೀಕ್ಷೆಗಾಗಿ ಕಾಯ್ದಿರಿಸಬೇಕು. ಔಷಧಗಳ ದುಷ್ಪರಿಣಾಮವನ್ನು ದಾಖಲಿಸಲು ರಾಷ್ಟ್ರೀಯ ವ್ಯವಸ್ಥೆಯಿದ್ದು, ಅದರ ಉಚಿತ ಸಹಾಯವಾಣಿ 1800-180-3024. ವೈದ್ಯರು ಮಾತ್ರವಲ್ಲ, ದಾದಿಯರೂ ರೋಗಿಗಳೂ ಇಲ್ಲಿ ದೂರು ದಾಖಲಿಸಬಹುದು.

ಬಾಟಲಿಗೆ ಸೂಜಿ ಚುಚ್ಚುವ ರೂಢಿ

ಹನಿ ಸರಾಗವಾಗಿ ಇಳಿಯಲೆಂದು ಪ್ಲಾಸ್ಟಿಕ್ ಬಾಟಲಿಯ ಮೇಲ್ಭಾಗಕ್ಕೆ ಸೂಜಿ ಚುಚ್ಚಿ ಗಾಳಿ ಬಿಡುವ ಪದ್ಧತಿ ನಮ್ಮ ಅನೇಕ ಆಸ್ಪತ್ರೆಗಳಲ್ಲಿದೆ. ಗಡಸು ಬಾಟಲಿಯೊಳಗೆ ಗಾಳಿ ಹೋಗದಿದ್ದರೆ ದ್ರವ ಇಳಿಯದು ಎಂಬುದು ನಿಜ. ಆದರೆ ಆ ರಂಧ್ರದ ಮೂಲಕ ವಾರ್ಡಿನ ಗಾಳಿ, ಅದರೊಂದಿಗೆ ಧೂಳು ಮತ್ತು ಕ್ರಿಮಿಗಳು ಶುದ್ಧ ದ್ರಾವಣವನ್ನು ಸೇರುತ್ತವೆ. ಇದಕ್ಕೆ ಪರಿಹಾರ ಕಷ್ಟದ್ದೇನಲ್ಲ. ಗಾಳಿ ಸೋಸುವ ಫಿಲ್ಟರ್ ಇರುವ ಐವಿ ಸೆಟ್ ಅಥವಾ ದ್ರವ ಇಳಿದಂತೆ ತಾನಾಗಿಯೇ ಮುದುಡಿಕೊಳ್ಳುವ ಮೃದುವಾದ ಚೀಲಗಳನ್ನು ಬಳಸಿದರೆ ಸೂಜಿ ಚುಚ್ಚುವ ಪ್ರಮೇಯವೇ ಬಾರದು. ಅಂಥವನ್ನು ಖರೀದಿಸಬೇಕಾದ ಹೊಣೆ ಮಾತ್ರ ದಾದಿಯರದ್ದಲ್ಲ, ಆಸ್ಪತ್ರೆಯ ಆಡಳಿತದ್ದು.

ಕೈ, ಚರ್ಮ, ಕ್ಯಾನುಲಾ

ಡ್ರಿಪ್‌ನಿಂದ ಬರುವ ಸೋಂಕಿಗೆ ದಾರಿಗಳು ಮುಖ್ಯವಾಗಿ ಮೂರು: ಸಿಬ್ಬಂದಿಯ ಕೈ, ರೋಗಿಯ ಚರ್ಮ ಮತ್ತು ನಳಿಕೆಯ ಕೀಲುಗಳು. ಪ್ರತಿ ರೋಗಿಯನ್ನು ಮುಟ್ಟುವ ಮುನ್ನ ಹಾಗೂ ಮುಟ್ಟಿದ ನಂತರ ಕೈ ಶುಚಿಗೊಳಿಸಬೇಕು. ಕೈಗವಸು ಧರಿಸಿದ್ದರೂ ಈ ನಿಯಮಕ್ಕೆ ವಿನಾಯಿತಿ ಇಲ್ಲ. ಚುಚ್ಚುವ ಜಾಗವನ್ನು ಕ್ಲೋರ್‌ಹೆಕ್ಸಿಡಿನ್ ಬೆರೆತ ಆಲ್ಕೋಹಾಲ್ ಅಥವಾ ಸ್ಪಿರಿಟ್‌ನಿಂದ ಒರೆಸಿ, ಅದು ತಾನಾಗಿಯೇ ಒಣಗುವವರೆಗೆ ಕಾಯಬೇಕು. ಒಣಗುವಾಗಲೇ ಕ್ರಿಮಿಗಳು ಸಾಯುವುದು. ಊದಿ ಆರಿಸುವುದಾಗಲಿ, ರಕ್ತನಾಳ ಸಿಗಲಿಲ್ಲವೆಂದು ಒರೆಸಿದ ಜಾಗವನ್ನು ಮತ್ತೆ ಬೆರಳಿನಿಂದ ಒತ್ತಿ ನೋಡುವುದಾಗಲಿ ಮಾಡಿದ ಕೆಲಸವನ್ನು ವ್ಯರ್ಥಗೊಳಿಸುತ್ತದೆ.

ಕೈಯಲ್ಲಿ ಉಳಿಯುವುದು ಸೂಜಿಯೆಂದು ಬಹುತೇಕರು ತಿಳಿದಿದ್ದಾರೆ. ವಾಸ್ತವವಾಗಿ ಸೂಜಿಯನ್ನು ಹೊರತೆಗೆದು, ಕ್ಯಾನುಲಾ ಎಂಬ ಮೆತ್ತನೆಯ ಪ್ಲಾಸ್ಟಿಕ್ ಕೊಳವೆಯನ್ನಷ್ಟೇ ಉಳಿಸಲಾಗುತ್ತದೆ. ಅದರ ಗಾತ್ರವನ್ನು ಬಣ್ಣವೇ ಹೇಳುತ್ತದೆ. ರಕ್ತ ಕೊಡಲು, ಶಸ್ತ್ರಚಿಕಿತ್ಸೆಗೆ ಹಸಿರು; ವಯಸ್ಕರ ಸಾಮಾನ್ಯ ಬಳಕೆಗೆ ಗುಲಾಬಿ; ಸಣ್ಣ ನಾಳಗಳಿಗೆ ನೀಲಿ; ಶಿಶುಗಳಿಗೆ ಹಳದಿ. ಉದ್ದೇಶಕ್ಕೆ ಸಾಕಾಗುವಷ್ಟು ಸಣ್ಣದನ್ನು ಆರಿಸಿದರೆ ನಾಳಕ್ಕೆ ಪೆಟ್ಟು ಕಡಿಮೆ. ಹೊರತೆಗೆದ ಸೂಜಿಯನ್ನು ಮತ್ತೆ ಕ್ಯಾನುಲಾದೊಳಗೆ ತೂರಿಸಬಾರದು. ಕೊಳವೆಯ ತುದಿ ತುಂಡಾಗಿ ರಕ್ತದಲ್ಲಿ ಸೇರಿಹೋಗುವ ಅಪಾಯವಿದೆ. ಎರಡು ಬಾರಿ ಪ್ರಯತ್ನಿಸಿಯೂ ನಾಳ ಸಿಗದಿದ್ದರೆ ಹೆಚ್ಚು ಅನುಭವವಿರುವ ಸಹೋದ್ಯೋಗಿಯನ್ನು ಕರೆಯುವುದು ಒಳ್ಳೆಯ ಪದ್ಧತಿ.

ಹನಿಯ ಲೆಕ್ಕ

'ನಾಲ್ಕು ಗಂಟೆಯಲ್ಲಿ ಒಂದು ಬಾಟಲಿ' ಎಂದು ವೈದ್ಯರು ಬರೆದರೆ, ಅದನ್ನು ನಿಮಿಷಕ್ಕೆ ಇಷ್ಟು ಹನಿ ಎಂದು ಪರಿವರ್ತಿಸುವುದು ದಾದಿಯ ಕೆಲಸ. ಸಾಮಾನ್ಯ ಸೆಟ್‌ನಲ್ಲಿ 20 ಹನಿ ಸೇರಿದರೆ ಒಂದು ಮಿಲಿಲೀಟರ್. 500 ಮಿಲಿಲೀಟರನ್ನು 20ರಿಂದ ಗುಣಿಸಿ 240 ನಿಮಿಷಗಳಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಮಕ್ಕಳಿಗೆ ಬಳಸುವ ಮೈಕ್ರೋ ಸೆಟ್‌ನಲ್ಲಿ ಒಂದು ಮಿಲಿಲೀಟರಿಗೆ 60 ಹನಿ. ಸೆಟ್ ಬದಲಾದದ್ದನ್ನು ಗಮನಿಸದಿದ್ದರೆ ಮಗುವಿಗೆ ಸೇರುವ ದ್ರವ ಮೂರು ಪಟ್ಟಾಗಬಹುದು.

ಹೃದಯ ಅಥವಾ ಮೂತ್ರಪಿಂಡ ದುರ್ಬಲವಾದವರು, ವೃದ್ಧರು ಹಾಗೂ ಶಿಶುಗಳಲ್ಲಿ ವೇಗ ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುತ್ತದೆ. ಡೆಂಗಿಯಲ್ಲಂತೂ ಈ ಲೆಕ್ಕ ಬಹಳ ನಾಜೂಕಾದದ್ದು. ತೀವ್ರ ಹಂತದಲ್ಲಿ ರಕ್ತನಾಳಗಳಿಂದ ದ್ರವ ಸೋರುವುದರಿಂದ ಕಡಿಮೆ ಕೊಟ್ಟರೆ ರಕ್ತದೊತ್ತಡ ಕುಸಿಯುತ್ತದೆ. ಹೆಚ್ಚು ಕೊಟ್ಟರೆ ಉಸಿರು ಕಟ್ಟುತ್ತದೆ. ಗಂಟೆಗಂಟೆಗೂ ನಾಡಿ, ರಕ್ತದೊತ್ತಡ, ಮೂತ್ರದ ಪ್ರಮಾಣ ನೋಡಿ ಹನಿಯನ್ನು ತಿದ್ದಬೇಕು.

ಸೇರಬಾರದವು ಸೇರಿದರೆ

ರಿಂಗರ್ ಲ್ಯಾಕ್ಟೇಟ್‌ನಲ್ಲಿ ಕ್ಯಾಲ್ಸಿಯಂ ಇರುವುದರಿಂದ ಅದರೊಂದಿಗೆ ಸೆಫ್ಟ್ರಿಯಾಕ್ಸೋನ್ ಎಂಬ ಪ್ರತಿಜೀವಕ ಬೆರೆತರೆ ಹರಳುಗಟ್ಟುತ್ತದೆ. ನವಜಾತ ಶಿಶುಗಳಲ್ಲಿ ಇದು ಪ್ರಾಣಕ್ಕೇ ಎರವಾಗಬಹುದು. ಅದೇ ನಳಿಕೆಯಲ್ಲಿ ರಕ್ತ ಕೊಟ್ಟರೆ ರಕ್ತ ಹೆಪ್ಪುಗಟ್ಟುವ ಭಯವಿದೆ; ರಕ್ತದ ಜತೆಗೆ ನಾರ್ಮಲ್ ಸಲೈನ್ ಮಾತ್ರ ಸಲ್ಲುತ್ತದೆ. ಅಪಸ್ಮಾರಕ್ಕೆ ನೀಡುವ ಫೆನಿಟಾಯಿನ್ ಅನ್ನು ಡೆಕ್ಸ್‌ಟ್ರೋಸ್‌ನಲ್ಲಿ ಬೆರೆಸುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚಿನ ಎಚ್ಚರ ಬೇಕಾದದ್ದು ಪೊಟ್ಯಾಸಿಯಂ ಕ್ಲೋರೈಡ್‌ಗೆ. ಇದರ ಗಾಢ ದ್ರಾವಣವನ್ನು ದುರ್ಬಲಗೊಳಿಸದೆ ನೇರವಾಗಿ ರಕ್ತನಾಳಕ್ಕೆ ಕೊಟ್ಟರೆ ಹೃದಯ ನಿಂತುಹೋಗುತ್ತದೆ. ನೋಡಲು ಇದರ ಪುಟ್ಟ ಆಂಪೂಲ್ ಶುದ್ಧ ನೀರಿನ ಆಂಪೂಲ್‌ನಂತೆಯೇ ಇರುತ್ತದೆ. ಗಾಢ ಎಲೆಕ್ಟ್ರೊಲೈಟ್‌ಗಳ ನಿಯಂತ್ರಣವನ್ನು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ರೋಗಿ ಸುರಕ್ಷತಾ ಸೂತ್ರಗಳಲ್ಲಿ ಸೇರಿಸಿದ್ದು ಇದೇ ಕಾರಣಕ್ಕೆ. ಇಂಥ ಔಷಧವನ್ನು ಪ್ರತ್ಯೇಕ ಕಪಾಟಿನಲ್ಲಿಡಬೇಕು, ಇಬ್ಬರು ನೋಡಿ ಖಚಿತಪಡಿಸಬೇಕು. ಬಾಟಲಿಗೆ ಬೆರೆಸಿದ ಮೇಲೆ ಹಲವು ಬಾರಿ ತಿರುಗಿಸಿ ಕಲಸಬೇಕು. ಇಲ್ಲವಾದರೆ ತಳದಲ್ಲಿ ನಿಂತ ಪೊಟ್ಯಾಸಿಯಂ ಒಮ್ಮೆಲೇ ಇಳಿಯುತ್ತದೆ. ಏನನ್ನು, ಎಷ್ಟು, ಯಾವಾಗ, ಯಾರು ಬೆರೆಸಿದರು ಎಂಬ ಚೀಟಿ ಬಾಟಲಿಯ ಮೇಲಿರಬೇಕು.

ಎಷ್ಟು ದಿನ ಇರಬಹುದು?

ಕ್ಯಾನುಲಾವನ್ನು ಮೂರು ನಾಲ್ಕು ದಿನಕ್ಕೊಮ್ಮೆ ಬದಲಿಸಲೇಬೇಕೆಂಬ ನಿಯಮ ದೀರ್ಘಕಾಲ ರೂಢಿಯಲ್ಲಿತ್ತು. 2012ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಆಸ್ಟ್ರೇಲಿಯಾದ ಅಧ್ಯಯನ, ತೊಂದರೆ ಕಂಡಾಗ ಮಾತ್ರ ಬದಲಿಸಿದರೂ ನಾಳದ ಉರಿಯೂತ ಹೆಚ್ಚುವುದಿಲ್ಲವೆಂದು ತೋರಿಸಿತು. ಆದರೆ ಇದಕ್ಕೊಂದು ಷರತ್ತಿದೆ: ಪ್ರತಿ ಪಾಳಿಯಲ್ಲಿಯೂ ಆ ಜಾಗವನ್ನು ನೋಡುವವರಿರಬೇಕು. ಕೆಂಪು, ಊತ, ನೋವು, ಬಿಸಿ ಇವುಗಳಲ್ಲಿ ಯಾವುದು ಕಂಡರೂ ತಕ್ಷಣ ತೆಗೆಯಬೇಕು. ಅಗತ್ಯ ಮುಗಿದ ಕ್ಯಾನುಲಾವನ್ನು 'ಇರಲಿ' ಎಂದು ಬಿಡುವುದು ಸೋಂಕಿಗೆ ಬಾಗಿಲು ತೆರೆದಿಟ್ಟಂತೆ.

ದಾದಿಗೂ ಇದೆ ಅಪಾಯ

ಬಳಸಿದ ಸೂಜಿ ಕೈಗೆ ಚುಚ್ಚಿದರೆ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ ಹಾಗೂ ಎಚ್‌ಐವಿ ತಗಲುವ ಸಾಧ್ಯತೆಯಿದೆ. ಸೂಜಿಗೆ ಮತ್ತೆ ಮುಚ್ಚಳ ಹಾಕಬಾರದು. ಚೂಪಾದವುಗಳೆಲ್ಲ ಸ್ಥಳದಲ್ಲಿಯೇ ಇರುವ, ಚುಚ್ಚಿದರೂ ತೂತಾಗದ ಬಿಳಿ ಡಬ್ಬಿಗೆ ಸೇರಬೇಕು. ನಳಿಕೆ ಮತ್ತು ಪ್ಲಾಸ್ಟಿಕ್ ಬಾಟಲಿಗಳು ಕೆಂಪು ಚೀಲಕ್ಕೆ ಹೋಗಬೇಕೆಂದು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮಗಳು ಹೇಳುತ್ತವೆ. ಚುಚ್ಚಿದಾಗ ಗಾಯವನ್ನು ಸೋಪು ನೀರಿನಲ್ಲಿ ತೊಳೆದು ಕೂಡಲೇ ವರದಿ ಮಾಡಬೇಕು. ಎಚ್‌ಐವಿ ತಡೆ ಔಷಧವನ್ನು ಎರಡು ಗಂಟೆಯೊಳಗೆ ಆರಂಭಿಸಿದರೆ ಉತ್ತಮ. 72 ಗಂಟೆ ಮೀರಬಾರದು. ಬೈಗುಳಕ್ಕೆ ಹೆದರಿ ಮುಚ್ಚಿಟ್ಟರೆ ಈ ಅವಕಾಶವೇ ಕೈತಪ್ಪುತ್ತದೆ.

ನಿಮಿಷಗಳನ್ನು ಕೊಡುವವರು ಯಾರು?

ಇಷ್ಟೂ ಎಚ್ಚರಿಕೆಗಳು ನರ್ಸಿಂಗ್ ಪಠ್ಯದಲ್ಲಿ ಇರುವಂಥವೇ. ಕೊರತೆ ಇರುವುದು ಹೆಚ್ಚಾಗಿ ತಿಳಿವಳಿಕೆಯದಲ್ಲ, ಸಮಯದ್ದು. ರಾತ್ರಿ ಪಾಳಿಯಲ್ಲಿ ತುಂಬಿದ ವಾರ್ಡಿಗೆ ಒಬ್ಬರೋ ಇಬ್ಬರೋ ದಾದಿಯರಿದ್ದರೆ, ಸ್ಪಿರಿಟ್ ಒಣಗುವ ಅರ್ಧ ನಿಮಿಷವೂ ದುಬಾರಿಯಾಗುತ್ತದೆ. ನಲವತ್ತು ಕ್ಯಾನುಲಾಗಳನ್ನು ಪಾಳಿಗೊಮ್ಮೆ ನೋಡಲು ತಲಾ ಎರಡು ನಿಮಿಷ ಹಿಡಿದರೂ ಒಂದು ಗಂಟೆ ಇಪ್ಪತ್ತು ನಿಮಿಷ ಬೇಕು. ಅವಘಡ ನಡೆದಾಗ ಡ್ಯೂಟಿಯಲ್ಲಿದ್ದವರನ್ನು ಅಮಾನತು ಮಾಡುವುದು ಸುಲಭ. ಹುದ್ದೆಗಳನ್ನು ತುಂಬುವುದು, ಗುಣಮಟ್ಟದ ದ್ರಾವಣ ಹಾಗೂ ಸೆಟ್‌ಗಳನ್ನು ಪೂರೈಸುವುದು, ತಪ್ಪನ್ನು ಭಯವಿಲ್ಲದೆ ವರದಿ ಮಾಡುವ ವಾತಾವರಣ ಕಲ್ಪಿಸುವುದು ಕಷ್ಟ. ಆದರೆ ರೋಗಿಯನ್ನು ಉಳಿಸುವುದು ಈ ಎರಡನೆಯ ದಾರಿಯೇ.

ರೋಗಿಯ ಕಡೆಯವರ ಪಾತ್ರವೂ ಸಣ್ಣದಲ್ಲ. ಬೇಗ ಮುಗಿಯಲೆಂದು ಹನಿಯ ಚಕ್ರವನ್ನು ತಾವೇ ತಿರುಗಿಸಬಾರದು. ರೋಗಿಗಿರುವ ಅಲರ್ಜಿ, ಮಧುಮೇಹ, ಹೃದಯದ ತೊಂದರೆಗಳನ್ನು ಮೊದಲೇ ತಿಳಿಸಬೇಕು. ಡ್ರಿಪ್ ಹಾಕಿದ ಕೈ ಊದಿಕೊಂಡರೆ, ಉರಿದರೆ, ನಡುಕ ಬಂದರೆ ಬಾಟಲಿ ಮುಗಿಯುವವರೆಗೆ ಕಾಯದೆ ಕರೆಯಬೇಕು. 'ಸಿಸ್ಟರ್, ಇದು ಯಾವ ಔಷಧ?' ಎಂದು ಕೇಳುವುದು ಅವಿಶ್ವಾಸದ ಮಾತಲ್ಲ. ಹೆಸರು ಕೇಳಿ, ಚೀಟಿ ಓದಿ, ಆನಂತರವೇ ಹನಿ ಬಿಡುವ ದಾದಿಗೆ ಆ ಪ್ರಶ್ನೆ ಇನ್ನೊಂದು ಜೊತೆ ಕಣ್ಣಿದ್ದಂತೆ.