ಬೇಣದ ಬಿಳಿ ಸೀತಾಳೆ

ಸೀತಾಳೆ ಅಂದರೆ ಮರದ ಕೊಂಬೆಗೆ ಅಂಟಿಕೊಂಡು ಬೆಳೆದು ದಂಡೆಯಂತೆ ಹೂ ಇಳಿಬಿಡುವ ಗಿಡವೇ ನಮ್ಮ ಕಣ್ಣಿಗೆ ಬರುತ್ತದೆ. ಆದರೆ ಈ ಜಾತಿಯ ಗಿಡಗಳೆಲ್ಲ ಮರದ ಮೇಲೇ ಇರುವುದಿಲ್ಲ. ನೆಲದಲ್ಲಿ ಗಡ್ಡೆಯೂರಿ ಬೆಳೆಯುವವೂ ಬೇಕಾದಷ್ಟಿವೆ. ಅಂಥ ಒಂದು ಗಿಡದ ವಿಚಾರ ಈ ದಿನ ತಿಳಿದುಕೊಳ್ಳೋಣ. ಸಸ್ಯಶಾಸ್ತ್ರಜ್ಞರು ಇದನ್ನು ಪೆಕ್ಟೀಲಿಸ್ ಜೈಗ್ಯಾಂಟಿಯಾ ಎನ್ನುತ್ತಾರೆ. ಹೂವಿನ ತುಟಿಯ ಅಂಚು ಬಾಚಣಿಗೆಯ ಹಲ್ಲಿನಂತೆ ಸೀಳಿರುವುದರಿಂದ ಮೊದಲ ಹೆಸರು. ಆಳು ದೊಡ್ಡದು ಎಂಬುದಕ್ಕೆ ಎರಡನೆಯದು.

ಹಿಮಾಲಯದ ತಪ್ಪಲಿನಿಂದ ನಮ್ಮ ಪಶ್ಚಿಮಘಟ್ಟದವರೆಗೆ ಈ ಗಿಡವುಂಟು. ದಟ್ಟ ಕಾಡಿನ ಕತ್ತಲೆ ಇದಕ್ಕೆ ಒಗ್ಗದು. ಬಿಸಿಲು ಬೀಳುವ, ಮಳೆ ನೀರು ನಿಲ್ಲದೆ ಹರಿದು ಹೋಗುವ ಹುಲ್ಲಿನ ಇಳಿಜಾರು ಬೇಕು. ಮಲೆನಾಡಿನವರು ಬೇಣ ಎಂದು ಕರೆಯುವ ಹುಲ್ಲುಗಾವಲಿನಂಥ ಜಾಗ ಇದಕ್ಕೆ ಹೇಳಿ ಮಾಡಿಸಿದ್ದು. ಮುಂಗಾರು ಹಿಡಿದ ಮೇಲೆ ಗಡ್ಡೆ ಮೊಳೆತು, ಎರಡು ಮೂರು ಅಡಿ ಎತ್ತರದ ಕಾಂಡ ಏಳುತ್ತದೆ. ಪುಷ್ಯ, ಆಶ್ಲೇಷ, ಮಘೆ ಮಳೆಗಳ ಕಾಲಕ್ಕೆ ತುದಿಯಲ್ಲಿ ನಾಲ್ಕಾರು ಅಚ್ಚ ಬಿಳಿಯ ಹೂ. ಒಂದೊಂದೂ ಅಂಗೈಯಗಲ! ಹೂವಿನ ಹಿಂದೆ ನಾಲ್ಕೈದು ಅಂಗುಲದ ಉದ್ದನೆಯ ಕೊಳವೆ; ಅದರ ತಳದಲ್ಲಿ ಜೇನು. ಸಂಜೆಯಾದ ಮೇಲೆ ಪರಿಮಳ ಹೆಚ್ಚು. ಉದ್ದ ಸೊಂಡಿಲಿನ ದೊಡ್ಡ ಪತಂಗಗಳು ಇರುಳಲ್ಲಿ ಬಂದು ಆ ಜೇನು ಹೀರುವಾಗ ಪರಾಗ ಹೂವಿಂದ ಹೂವಿಗೆ ಸಾಗುತ್ತದೆ.

ಇನ್ನು ನೆಲದೊಳಗಿನ ಸಂಗತಿ. ಹೂ ಬಿಡುವ ಹೊತ್ತಿಗೆ ಹಳೆಯ ಗಡ್ಡೆ ತನ್ನ ಸತ್ವವನ್ನೆಲ್ಲ ಗಿಡಕ್ಕೆ ಕೊಟ್ಟು ಸೊರಗುತ್ತಾ ಇರುತ್ತದೆ. ಅದರ ಪಕ್ಕದಲ್ಲೇ ಹೊಸ ಗಡ್ಡೆ ಕಟ್ಟುತ್ತಿರುತ್ತದೆ. ಮುಂದಿನ ವರ್ಷದ ಗಿಡ ಬರಬೇಕಾದದ್ದು ಈ ಹೊಸ ಗಡ್ಡೆಯಿಂದ. ಎಲೆ ಹಸುರಾಗಿದ್ದಷ್ಟು ದಿನವೂ ಅದಕ್ಕೆ ಆಹಾರ ಇಳಿಯುತ್ತದೆ. ಹೂ ಚೆನ್ನಾಗಿದೆ ಅಂತ ಆಗಲೇ ಬುಡಸಮೇತ ಕಿತ್ತರೆ ಈ ವರ್ಷದ ಗಿಡವೂ ಹೋಯಿತು, ಮುಂದಿನ ವರ್ಷದ್ದೂ ಹೋಯಿತು.

“ಹೋದರೆ ಹೋಗಲಿ ಸ್ವಾಮಿ, ಬೀಜದಿಂದ ಬೇರೆ ಹುಟ್ಟುತ್ತದಲ್ಲ?” ಎಂದು ನೀವು ಕೇಳಬಹುದು. ಅಲ್ಲೇ ಇರುವುದು ಕಷ್ಟ. ಒಂದು ಕಾಯಲ್ಲಿ ಸಾವಿರಾರು ಬೀಜವಿದ್ದರೂ ಅವು ಧೂಳಿನಷ್ಟು ಸಣ್ಣವು. ಭತ್ತದ ಕಾಳಿನಲ್ಲಿರುವಂತೆ ಮೊಳಕೆಗೆ ಬುತ್ತಿ ಅದರೊಳಗಿಲ್ಲ. ಮಣ್ಣಿನಲ್ಲಿರುವ ತಕ್ಕ ಶಿಲೀಂಧ್ರ ಬೀಜದೊಳಕ್ಕೆ ಹೊಕ್ಕು ಆಹಾರ ಒದಗಿಸಿದರೇನೇ ಅದು ಮೊಳೆಯುವುದು. ಸೀತಾಳೆ ಜಾತಿಯ ಈ ಗುಟ್ಟನ್ನು 1899ರಲ್ಲಿ ಫ್ರಾನ್ಸಿನ ನೋಯೆಲ್ ಬರ್ನಾರ್ಡ್ ಕಂಡುಹಿಡಿದರು. 1922ರಲ್ಲಿ ಅಮೆರಿಕದ ಲೂಯಿಸ್ ಕ್ನಡ್ಸನ್, ಸಕ್ಕರೆ ಸೇರಿಸಿದ ಪಾಕದ ಮೇಲೆ ಶಿಲೀಂಧ್ರವಿಲ್ಲದೆಯೂ ಸೀತಾಳೆ ಬೀಜ ಮೊಳೆಸಬಹುದೆಂದು ತೋರಿಸಿದರು. ಅದು ಪ್ರಯೋಗಾಲಯದ ಕೆಲಸ. ಮಡಿಯಲ್ಲಿ ಬೀಜ ಚೆಲ್ಲಿ ಸಸಿ ಮಾಡುವಂತಿಲ್ಲ. ಬೇಣದಲ್ಲಿ ಬೀಜದಿಂದ ಹುಟ್ಟಿದ ಗಿಡ ಹೂ ಕಾಣಲು ಹಲವು ವರ್ಷ ಬೇಕು.

ಮನೆಯಂಗಳದಲ್ಲಿ ಬೆಳೆಸುವ ಆಸೆಯಿದ್ದವರು ನರ್ಸರಿಯಲ್ಲೇ ಬೆಳೆಸಿದ ಗಡ್ಡೆ ಸಿಕ್ಕರೆ ಮಾತ್ರ ತನ್ನಿ. ತಳದಲ್ಲಿ ತೂತುಳ್ಳ ಕುಂಡಕ್ಕೆ ಹೆಂಚಿನ ಚೂರು ಹಾಕಿ, ಅದರ ಮೇಲೆ ಎಲೆಗೊಬ್ಬರ, ದಪ್ಪ ಮರಳು, ಕೆಂಪು ಮಣ್ಣು ಬೆರೆಸಿ ತುಂಬಿ. ಗಡ್ಡೆ ಮಲಗಿರುವ ಬೇಸಿಗೆಯಲ್ಲೇ, ಮೊಳಕೆ ಮೇಲಾಗಿ, ಎರಡು ಅಂಗುಲ ಆಳಕ್ಕೆ ನೆಡಿ. ಹಸಿ ಸಗಣಿ, ಯೂರಿಯ ಹತ್ತಿರ ತರಬೇಡಿ. ಮೊಳಕೆ ಕಂಡ ಮೇಲೆ ಮಣ್ಣು ಹದವಾಗಿರಲಿ, ನೀರು ನಿಲ್ಲದಿರಲಿ. ಎಲೆ ಹಳದಿಯಾಗಿ ಒಣಗತೊಡಗಿದಾಗ ಗಿಡ ಸತ್ತಿತೆಂದು ಗಾಬರಿಯಾಗಬೇಡಿ. ಅದು ಮಲಗುವ ಕಾಲ. ಆಗ ನೀರು ಕಡಿಮೆ ಮಾಡುತ್ತಾ ಬಂದು ನಿಲ್ಲಿಸಿ. ನಿದ್ದೆಯ ಗಡ್ಡೆಗೆ ನೀರು ಹೊಯ್ದರೆ ಕೊಳೆತುಹೋಗುತ್ತದೆ.

ಇದರಿಂದ ನಾಲ್ಕು ಕಾಸು ಬಂದೀತೇ? ಅಡಿಕೆ ಮೆಣಸಿನ ಹಾಗೆ ಇದು ಆದಾಯದ ಬೆಳೆಯಲ್ಲ. ಸೀತಾಳೆ ಜಾತಿಯ ಕೆಲವು ಗಡ್ಡೆಗಳನ್ನು ಒಣಗಿಸಿ ಸಾಲಂ ಮಿಶ್ರಿ ಎಂದು ಮಾರುವುದುಂಟು. ಒಂದು ಕಿಲೋ ಪುಡಿಗೆ ಸಾವಿರಕ್ಕೂ ಮೇಲ್ಪಟ್ಟು ಗಡ್ಡೆ ಬೇಕು. ತುರ್ಕಿ ದೇಶದಲ್ಲಿ ಹೀಗೆ ಅಗೆದು ಅಗೆದು ಎಷ್ಟೋ ಕಡೆ ನೆಲಸೀತಾಳೆಗಳೇ ವಿರಳವಾದವು. ಗಡ್ಡೆ ಕೊಳ್ಳುತ್ತೇವೆಂದು ಯಾರಾದರೂ ಊರಿಗೆ ಬಂದರೆ ಈ ಮಾತು ನೆನಪಿರಲಿ. ಅಪ್ಪಣೆಯಿಲ್ಲದೆ ಮೀಸಲು ಅರಣ್ಯದಿಂದ ಗಿಡ ಕೀಳುವುದು ಅಪರಾಧವೂ ಹೌದು.

ಹಾಗಾದರೆ ನಾವು ಮಾಡಬೇಕಾದ್ದೇನು? ಖರ್ಚಿಲ್ಲದ ಮೂರು ಕೆಲಸ. ಒಂದು, ಮಳೆಗಾಲದಲ್ಲಿ ಹೂ ಕಂಡ ಜಾಗಕ್ಕೆ ಒಂದು ಗೂಟ ನೆಟ್ಟು ಗುರುತು ಮಾಡಿ. ಎರಡು, ಬೇಣದ ಹುಲ್ಲು ಕೊಯ್ಯುವಾಗ ಆ ಗೂಟದ ಸುತ್ತ ಒಂದು ಮಾರು ಜಾಗವನ್ನು ಕೊನೆಗೆ ಬಿಡಿ. ಕಾಯಿ ಬಲಿತು, ಒಡೆದು, ಬೀಜ ಗಾಳಿಗೆ ಹಾರಿದ ಮೇಲೆ ಕೊಯ್ದರೆ ಹುಲ್ಲಿಗೂ ಅಂಥ ನಷ್ಟವಿಲ್ಲ. ಮೂರು, ಮಕ್ಕಳಿಗೆ ಗಿಡ ತೋರಿಸಿ, ಹೂ ನೋಡಲಿ, ಮೂಸಲಿ. ಬುಡಕ್ಕೆ ಕೈ ಹಾಕಬಾರದು ಎಂದು ಹೇಳಿಕೊಡಿ.

ಬೇಣವನ್ನು ಅಗೆದು ತೋಟ ಮಾಡಿದರೆ ಹುಲ್ಲು ಹೋಗುತ್ತದೆ, ಮಣ್ಣಿನ ಶಿಲೀಂಧ್ರ ಹೋಗುತ್ತದೆ, ಅವುಗಳ ಜೊತೆಗೆ ಈ ಗಿಡವೂ ಹೋಗುತ್ತದೆ. ಒಮ್ಮೆ ಹೋದದ್ದನ್ನು ಗೊಬ್ಬರ ಹಾಕಿ, ನೀರು ಹಾಯಿಸಿ ಮರಳಿ ತರುವುದು ನಮ್ಮ ಕೈಲಾಗದ ಕೆಲಸ. ಇದ್ದಲ್ಲೇ ಇರಗೊಡುವುದೊಂದೇ ಅದರ ನಿಜವಾದ ಬೇಸಾಯ.