ವಠಾರ ಸೇರಿದ ಸಾಫ್ಟ್‌ವೇರ್

2012ರ ಆಗಸ್ಟ್ 1, ಬುಧವಾರ. ನ್ಯೂಯಾರ್ಕ್ ಷೇರುಪೇಟೆಯ ಗಂಟೆ ಬಾರಿಸಿದ್ದೇ ತಡ, ನೈಟ್ ಕ್ಯಾಪಿಟಲ್ ಎಂಬ ದಲ್ಲಾಳಿ ಸಂಸ್ಥೆಯ ಕಂಪ್ಯೂಟರುಗಳು ಹುಚ್ಚು ಹಿಡಿದಂತೆ ಷೇರು ಕೊಳ್ಳಲು, ಮಾರಲು ತೊಡಗಿದವು. ಗ್ರಾಹಕರಿಂದ ಬಂದಿದ್ದುದು 212 ಆರ್ಡರ್ ಮಾತ್ರ. ಅದರಿಂದ ಹುಟ್ಟಿದ್ದು 40 ಲಕ್ಷ ವಹಿವಾಟು! 154 ಕಂಪನಿಗಳ ಸುಮಾರು 40 ಕೋಟಿ ಷೇರುಗಳು ಕೈ ಬದಲಾದವು. 45 ನಿಮಿಷದ ನಂತರ ಎಲ್ಲವನ್ನೂ ನಿಲ್ಲಿಸಿ ಲೆಕ್ಕ ಹಾಕಿದರೆ 46 ಕೋಟಿ ಡಾಲರಿಗೂ ಮೀರಿದ ನಷ್ಟ.

ಅಮೆರಿಕದ ಷೇರುಪೇಟೆ ನಿಯಂತ್ರಕರ ತನಿಖೆಯಲ್ಲಿ ಹೊರಬಿದ್ದ ಕಾರಣ ಇಷ್ಟೆ. ಆ ಕೆಲಸಕ್ಕೆ ಎಂಟು ಸರ್ವರ್‌ಗಳಿದ್ದವು. ಹೊಸ ಸಾಫ್ಟ್‌ವೇರನ್ನು ಅವುಗಳಿಗೆ ನಕಲು ಮಾಡುವಾಗ ತಂತ್ರಜ್ಞರೊಬ್ಬರು ಒಂದನ್ನು ಬಿಟ್ಟುಬಿಟ್ಟಿದ್ದರು. ವರ್ಷಗಳ ಹಿಂದೆಯೇ ಬಳಕೆ ನಿಂತಿದ್ದ ಹಳೆಯ ಕೋಡ್ ಆ ಎಂಟನೆಯದರಲ್ಲಿ ಹಾಗೇ ಕೂತಿತ್ತು, ಅವತ್ತು ಎದ್ದು ಕೆಲಸಕ್ಕೆ ಇಳಿಯಿತು. ಗಾಬರಿಬಿದ್ದ ಸಿಬ್ಬಂದಿ ಹೊಸ ಸಾಫ್ಟ್‌ವೇರೇ ಕೆಟ್ಟಿದೆ ಎಂದುಕೊಂಡು, ಸರಿಯಾಗಿದ್ದ ಉಳಿದ ಏಳರಿಂದಲೂ ಅದನ್ನು ಕಿತ್ತುಹಾಕಿದರು. ಅಲ್ಲಿಗೆ ಎಂಟೂ ಸರ್ವರ್‌ಗಳು ಹಳೆಯ ಹುಚ್ಚಿಗೇ ಮರಳಿದವು.

ಈ ಮಟ್ಟದ ಅನಾಹುತ ಅಪರೂಪ. ಆದರೆ ರೋಗ ಎಲ್ಲ ಕಂಪನಿಗಳಲ್ಲೂ ಇದ್ದದ್ದೇ. ಒಂದು ಸರ್ವರ್‌ನಲ್ಲಿ ಜಾವಾದ ಒಂದು ಆವೃತ್ತಿ, ಪಕ್ಕದ್ದರಲ್ಲಿ ಇನ್ನೊಂದು. ಪರೀಕ್ಷೆಯಲ್ಲಿ ಪಾಸಾದದ್ದು ಗ್ರಾಹಕರ ಮುಂದೆ ಫೇಲು. ಕಾರಣ ಕೇಳಿದರೆ ಬರೆದವನ ಉತ್ತರ ಸದಾ ಒಂದೇ: ‘ನನ್ನ ಲ್ಯಾಪ್‌ಟಾಪ್‌ನಲ್ಲಿ ಸರಿಯಾಗೇ ಓಡ್ತಿದೆಯಲ್ಲ!’

ಈ ಉತ್ತರಕ್ಕೆ ಬಂದ ಮದ್ದೇ ಕಂಟೇನರ್. ಒಂದು ಪ್ರೋಗ್ರಾಮು ಓಡಲು ಏನೇನು ಬೇಕೋ ಅದೆಲ್ಲವನ್ನೂ, ಅಂದರೆ ಕೋಡ್, ಅದು ನೆಚ್ಚಿಕೊಂಡ ಲೈಬ್ರರಿಗಳು, ಸೆಟಿಂಗುಗಳನ್ನು ಒಟ್ಟಿಗೇ ಕಟ್ಟಿ ‘ಇಮೇಜ್’ ಎಂಬ ಒಂದು ಗಂಟು ಮಾಡುತ್ತಾರೆ. ಆ ಗಂಟನ್ನು ಮತ್ತೆ ಬಿಚ್ಚಿ ತಿದ್ದುವ ಪದ್ಧತಿ ಇಲ್ಲ. ಬದಲಾವಣೆ ಬೇಕಿದ್ದರೆ ಹೊಸ ಗಂಟು, ಹೊಸ ಗುರುತು. ಲ್ಯಾಪ್‌ಟಾಪಿನಲ್ಲಿ, ಪರೀಕ್ಷೆಯಲ್ಲಿ, ಎಂಟೂ ಸರ್ವರ್‌ಗಳಲ್ಲಿ ಓಡುವುದು ಅದೇ ಒಂದು ಗಂಟು. ಯಾವುದರಲ್ಲಿ ಯಾವ ಗುರುತಿನದು ಓಡುತ್ತಿದೆ ಎಂಬುದೂ ಕೂತಲ್ಲೇ ಕಾಣುತ್ತದೆ.

ಇದಕ್ಕೂ ಮೊದಲು ಕಂಪನಿಗಳು ನೆಚ್ಚಿಕೊಂಡಿದ್ದು ವರ್ಚುವಲ್ ಮಷೀನುಗಳನ್ನು. ಒಂದು ದೊಡ್ಡ ಸರ್ವರಿನೊಳಗೆ ಹಲವು ನಕಲಿ ಕಂಪ್ಯೂಟರುಗಳು, ಪ್ರತಿಯೊಂದಕ್ಕೂ ತನ್ನದೇ ಪೂರ್ತಿ ಆಪರೇಟಿಂಗ್ ಸಿಸ್ಟಮ್. ಪ್ರತ್ಯೇಕ ಪಾಯ, ಪ್ರತ್ಯೇಕ ಬಾವಿ, ಪ್ರತ್ಯೇಕ ಕಾಂಪೌಂಡು ಇರುವ ಬಿಡಿಮನೆಗಳ ಹಾಗೆ. ಕಂಟೇನರ್‌ಗಳದ್ದು ಹಳೆಯ ಬೆಂಗಳೂರಿನ, ಮೈಸೂರಿನ ವಠಾರದ ಬದುಕು. ಬಾವಿ ಒಂದೇ, ಹೆಬ್ಬಾಗಿಲು ಒಂದೇ, ಆದರೆ ಮನೆಮನೆಗೂ ಬೇರೆ ಬೀಗ, ಬೇರೆ ಒಲೆ. ಇಲ್ಲಿ ಎಲ್ಲರೂ ಹಂಚಿಕೊಳ್ಳುವ ಬಾವಿಯೆಂದರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಾದ ಕರ್ನಲ್. ಬಿಡಿಮನೆಗೆ ಹಲವು ಗಿಗಾಬೈಟ್ ಜಾಗ ಬೇಕು, ಎದ್ದು ಕೂರಲು ನಿಮಿಷ ಹಿಡಿಯುತ್ತದೆ; ವಠಾರದ ಮನೆಗೆ ಕೆಲವೇ ಮೆಗಾಬೈಟ್ ಸಾಕಾಗಬಹುದು, ಸೆಕೆಂಡಿನಲ್ಲಿ ತಯಾರು. ಅದೇ ಸರ್ವರಿನಲ್ಲಿ ಹೆಚ್ಚು ಒಕ್ಕಲು ಹಿಡಿಸುತ್ತವೆ. ವಠಾರದ ತಾಪತ್ರಯವೂ ಜೊತೆಗೇ ಬಂತು. 2019ರ ಫೆಬ್ರವರಿಯಲ್ಲಿ, ಕಂಟೇನರ್‌ಗಳನ್ನು ಓಡಿಸುವ ‘ರನ್‌ಸಿ’ ಎಂಬ ಸಾಧನದಲ್ಲೇ ಬಿರುಕು ಪತ್ತೆಯಾಯಿತು. ಒಂದು ಕಂಟೇನರಿನೊಳಗೆ ಹೊಕ್ಕ ಕಳ್ಳ ಅದರ ಮೂಲಕ ಇಡೀ ಸರ್ವರನ್ನೇ ವಶಪಡಿಸಿಕೊಳ್ಳಬಹುದಿತ್ತು.

ಈ ವಿದ್ಯೆ ಒಂದೇ ದಿನ ಹುಟ್ಟಿದ್ದಲ್ಲ. ಅದರ ಬೇರು 1979ರ ಯುನಿಕ್ಸ್ ಆಪರೇಟಿಂಗ್ ಸಿಸ್ಟಮ್ಮಿನಲ್ಲಿದೆ. ಗೂಗಲ್‌ನ ಎಂಜಿನಿಯರುಗಳಾದ ಪಾಲ್ ಮೆನೇಜ್ ಮತ್ತು ರೋಹಿತ್ ಸೇಠ್, ಯಾವ ಪ್ರೋಗ್ರಾಮಿಗೆ ಎಷ್ಟು ಮೆಮೊರಿ, ಎಷ್ಟು ಪ್ರೊಸೆಸರ್ ಎಂದು ಪಾಲು ಹಾಕುವ ಸೌಲಭ್ಯವನ್ನು 2006ರಲ್ಲಿ ರೂಪಿಸಲು ಆರಂಭಿಸಿದರು. 2008ರಲ್ಲಿ ಅದು ಲಿನಕ್ಸ್ ಕರ್ನಲ್ ಸೇರಿತು. ಆದರೂ ಅದನ್ನು ಬಳಸಲು ಪಂಡಿತರೇ ಬೇಕಿತ್ತು. ಜನಸಾಮಾನ್ಯ ಪ್ರೋಗ್ರಾಮರಿನ ಕೈಗೆ ಅದು ಬಂದದ್ದು 2013ರ ಮಾರ್ಚ್‌ನಲ್ಲಿ. ಡಾಟ್‌ಕ್ಲೌಡ್ ಎಂಬ ಪುಟ್ಟ ಕಂಪನಿಯ ಸಾಲಮನ್ ಹೈಕ್ಸ್, ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಐದು ನಿಮಿಷದ ಪ್ರಾತ್ಯಕ್ಷಿಕೆ ಕೊಟ್ಟರು. ಅಂದು ತೋರಿಸಿದ ಸಾಧನದ ಹೆಸರು ಡಾಕರ್. ಅದೇ ವರ್ಷ ಕಂಪನಿಯೇ ತನ್ನ ಹೆಸರನ್ನು ಡಾಕರ್ ಎಂದು ಬದಲಿಸಿಕೊಂಡಿತು.

ಪ್ರೋಗ್ರಾಮರಿಗೆ ಇಷ್ಟವಾದದ್ದಕ್ಕೆಲ್ಲ ಕಂಪನಿಯ ಯಜಮಾನರು ಚೆಕ್ ಬರೆಯುವುದಿಲ್ಲ. ಅವರನ್ನು ಒಪ್ಪಿಸಿದ್ದು ಜಾತ್ರೆಯ ದಿನಗಳು. 2014ರ ಅಕ್ಟೋಬರ್ 6ರಂದು ಬೆಂಗಳೂರಿನ ಫ್ಲಿಪ್‌ಕಾರ್ಟ್ ತನ್ನ ಮೊದಲ ‘ಬಿಗ್ ಬಿಲಿಯನ್ ಡೇ’ ನಡೆಸಿತು. ಸುಮಾರು 5,000 ಸರ್ವರ್ ಸಜ್ಜು ಮಾಡಿ, 20 ಪಟ್ಟು ದಟ್ಟಣೆಗೆ ತಯಾರಾಗಿದ್ದರೂ ಸೈಟು ಕುಸಿಯಿತು. ಮರುದಿನ ಅದರ ಸ್ಥಾಪಕರಾದ ಸಚಿನ್ ಬನ್ಸಲ್ ಮತ್ತು ಬಿನ್ನಿ ಬನ್ಸಲ್ ಗ್ರಾಹಕರಿಗೆಲ್ಲ ಕ್ಷಮೆ ಕೋರಿ ಪತ್ರ ಬರೆದರು. ವ್ಯಾಪಾರಿಯ ಸಂಕಟ ನೋಡಿ: ಆ ಒಂದು ದಿನಕ್ಕೆ ಸಾಕಾಗುವಷ್ಟು ಯಂತ್ರ ಕೊಂಡರೆ ವರ್ಷದ ಉಳಿದ ದಿನ ಅವು ಬಿಸಿಗಾಳಿ ಬಿಡುತ್ತಾ ನಿಂತಿರುತ್ತವೆ, ಕೊಳ್ಳದಿದ್ದರೆ ಆ ದಿನ ಮರ್ಯಾದೆ ಹೋಗುತ್ತದೆ.

ಈ ಸಂಕಟಕ್ಕೆ ಒದಗಬಲ್ಲ ಉಪಾಯವೂ ಹೊರಬಂದಿತ್ತು: ಅದೇ 2014ರ ಜೂನ್‌ನಲ್ಲಿ ಗೂಗಲ್ ‘ಕುಬರ್ನೆಟಿಸ್’ ಎಂಬ ಸಾಫ್ಟ್‌ವೇರನ್ನು ಎಲ್ಲರಿಗೂ ಬಿಟ್ಟುಕೊಟ್ಟಿತ್ತು. ಸಾವಿರಾರು ಕಂಟೇನರ್‌ಗಳನ್ನು ಯಾವ ಸರ್ವರಿನಲ್ಲಿ ಇರಿಸಬೇಕು, ಒಂದು ಸತ್ತರೆ ಇನ್ನೊಂದನ್ನು ಯಾವಾಗ ಎಬ್ಬಿಸಬೇಕು, ಜನ ಜಾಸ್ತಿಯಾದರೆ ಎಷ್ಟು ಹೆಚ್ಚಿಸಬೇಕು ಎಂಬುದನ್ನೆಲ್ಲ ನೋಡಿಕೊಳ್ಳುವ ಮೇಸ್ತ್ರಿ ಅದು. ಆಗಲೇ ಗೂಗಲ್ ವಾರಕ್ಕೆ 200 ಕೋಟಿಗೂ ಹೆಚ್ಚು ಕಂಟೇನರ್‌ಗಳನ್ನು ಓಡಿಸುತ್ತಿರುವುದಾಗಿ ಹೇಳಿಕೊಂಡಿತ್ತು. 2016ರ ಜುಲೈನಲ್ಲಿ ಪೋಕೆಮಾನ್ ಗೋ ಆಟ ಬಿಡುಗಡೆಯಾದಾಗ ದಟ್ಟಣೆ ಅಂದಾಜಿನ 50 ಪಟ್ಟಿಗೇರಿತು. ತಡವರಿಸಿದರೂ ಅದು ಕೊನೆಗೆ ತಾಳಿಕೊಂಡದ್ದು ಕುಬರ್ನೆಟಿಸ್ ಮೇಲೆ. ಮಾರಾಟಗಾರರಿಗೆ ಇದಕ್ಕಿಂತ ಒಳ್ಳೆಯ ಜಾಹೀರಾತು ಬೇಕಿರಲಿಲ್ಲ. ಕುಬರ್ನೆಟಿಸ್ಸನ್ನು ಪೋಷಿಸುವ ಸಿಎನ್‌ಸಿಎಫ್ ಪ್ರತಿಷ್ಠಾನದ 2024ರ ಸಮೀಕ್ಷೆಯಲ್ಲಿ, ಉತ್ತರಿಸಿದವರ ಪೈಕಿ ಶೇ 80ರಷ್ಟು ಮಂದಿ ಅದನ್ನು ನಿತ್ಯದ ವ್ಯವಹಾರಕ್ಕೆ ಬಳಸುತ್ತಿದ್ದರು. ಉತ್ತರಿಸಿದವರು ಆ ಬಳಗಕ್ಕೆ ಹತ್ತಿರದವರೇ ಎಂಬುದನ್ನು ನೆನಪಿಟ್ಟುಕೊಂಡು ಈ ಅಂಕಿಯನ್ನು ಓದಬೇಕು.

ಹಾಗಾದರೆ ಖರ್ಚು ಇಳಿಯಿತೇ? ಇಲ್ಲಿಂದ ಕಥೆ ಮಾರಾಟಗಾರರು ಹೇಳಿದಂತೆ ಸಾಗುವುದಿಲ್ಲ.

ಒಂದು ಸಣ್ಣ ಸಾಲನ್ನು ಹತ್ತಿರದಿಂದ ನೋಡೋಣ. ಕುಬರ್ನೆಟಿಸ್‌ಗೆ ಕೊಡುವ ಫೈಲಿನಲ್ಲಿ ಪ್ರತಿ ಕಂಟೇನರಿಗೂ ‘ಇದಕ್ಕೆ ಇಷ್ಟು ಮೆಮೊರಿ ಕಾದಿರಿಸು’ ಎಂಬ ಸಾಲು ಇರುತ್ತದೆ. ಪ್ರೋಗ್ರಾಮು ನಿಜಕ್ಕೂ ತಿನ್ನುವುದು 600 ಮೆಗಾಬೈಟ್ ಎಂದುಕೊಳ್ಳಿ. ಎಂಜಿನಿಯರು ಅಲ್ಲಿ 2 ಗಿಗಾಬೈಟ್ ಎಂದು ಬರೆಯುತ್ತಾನೆ. ಅವನೇನು ದಡ್ಡನಲ್ಲ. ಹಾಕಿದ ಮಿತಿ ಸಾಲದೇ ಹೋದರೆ ಕರ್ನಲ್ ಆ ಕಂಟೇನರನ್ನು ನಿರ್ದಾಕ್ಷಿಣ್ಯವಾಗಿ ಕೊಲ್ಲುತ್ತದೆ. ಪರದೆಯ ಮೇಲೆ ‘ಓಓಎಂ ಕಿಲ್ಡ್’, 137 ಎಂದು ಬರುತ್ತದೆ, ರಾತ್ರಿ ಎರಡು ಗಂಟೆಗೆ ಫೋನು ಬಡಿದುಕೊಳ್ಳುತ್ತದೆ. ಜಾಸ್ತಿ ಬರೆದದ್ದಕ್ಕೆ ಯಾರನ್ನೂ ಯಾರೂ ನಿದ್ದೆಯಿಂದ ಎಬ್ಬಿಸಿದ್ದಿಲ್ಲ. ಆದರೆ ಕಾದಿರಿಸಿದ ಜಾಗ ಖಾಲಿ ಬಿದ್ದಿದ್ದರೂ ಬೇರೆಯವರಿಗೆ ಸಿಗದು, ಯಂತ್ರಗಳನ್ನು ಬಾಡಿಗೆಗೆ ಕೊಡುವ ಕ್ಲೌಡ್ ಕಂಪನಿಯ ಮೀಟರು ಮಾತ್ರ ಓಡುತ್ತಿರುತ್ತದೆ. ಸಾವಿರ ಕಂಟೇನರ್‌ಗಳಲ್ಲಿ ಹೀಗಾದರೆ? ಡೇಟಾಡಾಗ್ ಕಂಪನಿ ತನ್ನ ಗ್ರಾಹಕರ ಮಾಹಿತಿ ಜಾಲಾಡಿ 2024ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಕಂಟೇನರ್‌ಗಳಿಗಾಗಿ ಮಾಡುವ ಖರ್ಚಿನಲ್ಲಿ ಶೇ 83ರಷ್ಟು ಹೋಗುವುದು ಸುಮ್ಮನೆ ಕೂತ ಸಾಮರ್ಥ್ಯಕ್ಕೆ. ಹೆಚ್ಚು ಒಕ್ಕಲು ತುಂಬಲೆಂದೇ ಬಂದ ವ್ಯವಸ್ಥೆ ಇದು! ಈಗ ಕಂಪನಿಗಳಲ್ಲಿ ‘ಫಿನ್‌ಆಪ್ಸ್’ ಎಂಬ ಹೊಸ ಹುದ್ದೆಯೇ ಹುಟ್ಟಿಕೊಂಡಿದೆ. ಕ್ಲೌಡ್ ಬಿಲ್ಲು ಹಿಡಿದು ಎಂಜಿನಿಯರುಗಳ ಮೇಜಿನಿಂದ ಮೇಜಿಗೆ ಹೋಗುವುದೇ ಆ ಹುದ್ದೆಯವರ ಕೆಲಸ.

ಲಾಭ ಯಾರಿಗಾಯಿತು ಎಂಬುದೂ ಸ್ವಾರಸ್ಯಕರ. ಊರಿಗೆಲ್ಲ ಈ ರುಚಿ ಹತ್ತಿಸಿದ ಡಾಕರ್ ಕಂಪನಿ ದುಡ್ಡು ಮಾಡಲಾಗದೆ, 2019ರ ನವೆಂಬರ್‌ನಲ್ಲಿ ದೊಡ್ಡ ಗ್ರಾಹಕರ ವ್ಯವಹಾರವನ್ನು ಮಿರಾಂಟಿಸ್ ಎಂಬ ಕಂಪನಿಗೆ ಮಾರಿತು. 2021ರಲ್ಲಿ ನಿಯಮ ಬದಲಿಸಿ, 250 ಅಥವಾ ಹೆಚ್ಚು ನೌಕರರಿರುವ ಇಲ್ಲವೇ ವರ್ಷಕ್ಕೆ 1 ಕೋಟಿ ಡಾಲರ್ ಮೀರಿ ಆದಾಯವಿರುವ ಕಂಪನಿಗಳು ಡಾಕರ್ ಡೆಸ್ಕ್‌ಟಾಪ್‌ಗೆ ಹಣ ಕೊಡಬೇಕೆಂದಿತು. ಅತ್ತ ಐಬಿಎಂ, ಕುಬರ್ನೆಟಿಸ್ ಆಧಾರಿತ ಓಪನ್‌ಶಿಫ್ಟ್ ಮಾರುವ ರೆಡ್ ಹ್ಯಾಟ್ ಕಂಪನಿಯನ್ನು 2019ರಲ್ಲಿ 3,400 ಕೋಟಿ ಡಾಲರ್ ಕೊಟ್ಟು ಕೊಂಡಿತು. ಅಮೆಜಾನ್, ಮೈಕ್ರೋಸಾಫ್ಟ್, ಗೂಗಲ್ ಮೂರೂ ಕುಬರ್ನೆಟಿಸ್ಸನ್ನು ಬಾಡಿಗೆ ಸೇವೆಯಾಗಿಸಿದವು. ಸಾಫ್ಟ್‌ವೇರು ಉಚಿತ, ಅದು ಓಡುವ ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ.

ಜಗತ್ತು ತಂತ್ರಜ್ಞಾನಕ್ಕೆ ಸುರಿಯುವ ಒಟ್ಟು ಹಣವಂತೂ ಕಡಿಮೆಯಾಗುವ ಮಾತೇ ಇಲ್ಲ. 2025ರಲ್ಲಿ ಅದು 5.43 ಲಕ್ಷ ಕೋಟಿ ಡಾಲರ್ ಮುಟ್ಟುತ್ತದೆ ಎಂಬುದು ಆ ವರ್ಷದ ಜುಲೈನಲ್ಲಿ ಗಾರ್ಟ್‌ನರ್ ಎಂಬ ಸಂಶೋಧನಾ ಸಂಸ್ಥೆ ಕಟ್ಟಿದ ಅಂದಾಜು. ಎಐ ಭರಾಟೆಯಿಂದಾಗಿ ಡೇಟಾ ಸೆಂಟರ್ ಯಂತ್ರಗಳ ಖರ್ಚೊಂದೇ ಶೇ 40 ಮೀರಿ ಏರುತ್ತದೆಂದು ಅದು ಲೆಕ್ಕ ಹಾಕಿತ್ತು. ಎಐಗೆ ಬೇಕಾದ ದುಬಾರಿ ಜಿಪಿಯು ಚಿಪ್‌ಗಳನ್ನು ಹಂಚಿ ಬಳಸಲೂ ಕಂಟೇನರ್‌ಗಳು ನೆರವಾಗುತ್ತವೆ. ಓಪನ್‌ಎಐ 2021ರಲ್ಲೇ 7,500 ಯಂತ್ರಗಳ ಕುಬರ್ನೆಟಿಸ್ ಸಮೂಹ ನಡೆಸುತ್ತಿದ್ದುದಾಗಿ ಬರೆದುಕೊಂಡಿದೆ.

ಕಂಟೇನರ್‌ನಿಂದ ಉಳಿತಾಯ ಆಗುವುದೇ ಇಲ್ಲ ಎಂದಲ್ಲ. ಆದರೆ ದುಡ್ಡಿನ ನಿಜವಾದ ಲಾಭ ಇರುವುದು ಒಂದೇ ಸರ್ವರಿನಲ್ಲಿ ಒತ್ತೊತ್ತಾಗಿ ತುಂಬುವುದರಲ್ಲಿ ಅಲ್ಲ, ಬೇಡವೆನಿಸಿದಾಗ ಗಂಟುಮೂಟೆ ಕಟ್ಟಿ ಹೊರಡಬಹುದು ಎಂಬುದರಲ್ಲಿ. ಬೇಸ್‌ಕ್ಯಾಂಪ್ ಮತ್ತು ‘ಹೇ’ ಇಮೇಲ್ ಸೇವೆ ನಡೆಸುವ ಅಮೆರಿಕದ 37ಸಿಗ್ನಲ್ಸ್ ಅದನ್ನು ಮಾಡಿ ತೋರಿಸಿದೆ. 2022ರಲ್ಲಿ ಅದರ ಕ್ಲೌಡ್ ಬಿಲ್ಲು 32 ಲಕ್ಷ ಡಾಲರ್. ಕಂಪನಿಯ ಡೇವಿಡ್ ಹೈನ್‌ಮಿಯರ್ ಹ್ಯಾನ್ಸನ್ ‘ಕ್ಲೌಡ್ ಬಿಡುತ್ತಿದ್ದೇವೆ’ ಎಂದು ಸಾರಿ, ಸುಮಾರು 7 ಲಕ್ಷ ಡಾಲರ್ ಕೊಟ್ಟು ಡೆಲ್ ಸರ್ವರ್‌ಗಳನ್ನು ಕೊಂಡರು. ಅವರು ಕಂಟೇನರ್‌ಗಳನ್ನು ಇಟ್ಟುಕೊಂಡರು, ಕುಬರ್ನೆಟಿಸ್ಸನ್ನು ಕೈಬಿಟ್ಟರು. ಅದರ ಜಾಗಕ್ಕೆ ‘ಕಮಲ್’ ಎಂಬ ತಮ್ಮದೇ ಸರಳ ಸಾಧನ ಬರೆದುಕೊಂಡರು. 2024ರ ಹೊತ್ತಿಗೆ ವರ್ಷದ ಕ್ಲೌಡ್ ಬಿಲ್ಲು 13 ಲಕ್ಷ ಡಾಲರಿಗೆ ಇಳಿದಿತ್ತು. ಎಲ್ಲರಿಗೂ ಒಪ್ಪುವ ದಾರಿ ಇದಲ್ಲ. ಸ್ಥಿರವಾದ ಗ್ರಾಹಕವರ್ಗ, ಯಂತ್ರ ಬಲ್ಲ ಸಿಬ್ಬಂದಿ ಎರಡೂ ಇದ್ದ ಕಂಪನಿ ಅದು. ಎರಡೂ ಇಲ್ಲದ ಎಷ್ಟೋ ಸ್ಟಾರ್ಟ್‌ಅಪ್‌ಗಳು ಹತ್ತು ಜನರ ತಂಡದಲ್ಲೂ ಕುಬರ್ನೆಟಿಸ್ ಕಟ್ಟಿಕೊಂಡು ಒದ್ದಾಡುತ್ತಿರುವುದು ಬೇರೆ ಮಾತು.

ಹೊರಡಲಾಗದಿದ್ದರೆ ಏನಾಗುತ್ತದೆ ಎಂಬುದಕ್ಕೆ ವಿಎಂವೇರ್ ಗ್ರಾಹಕರನ್ನು ಕೇಳಬೇಕು. ವರ್ಚುವಲ್ ಮಷೀನುಗಳ ಲೋಕದಲ್ಲಿ ಅದೇ ದೊರೆ. 2023ರ ನವೆಂಬರ್‌ನಲ್ಲಿ ಬ್ರಾಡ್‌ಕಾಮ್ ಅದನ್ನು ಕೊಂಡಿತು. ಮುಂದಿನ ತಿಂಗಳೇ, ಒಮ್ಮೆ ಕೊಂಡರೆ ಶಾಶ್ವತವಾಗಿ ಬಳಸಬಹುದಾದ ಲೈಸೆನ್ಸ್ ಮಾರಾಟ ನಿಂತು, ಚಂದಾ ಪದ್ಧತಿ ಬಂತು. 2024ರಲ್ಲಿ ಅಮೆರಿಕದ ದೂರವಾಣಿ ಕಂಪನಿ ಎಟಿ ಅಂಡ್ ಟಿ, ಬ್ರಾಡ್‌ಕಾಮ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. ತಮಗೆ ಶೇ 1,050ರಷ್ಟು ದರ ಏರಿಕೆಯ ಪ್ರಸ್ತಾಪ ಬಂದಿತ್ತೆಂದು ಅದರ ಅಧಿಕಾರಿಯೊಬ್ಬರು ಬರೆದ ಪತ್ರ ಅಲ್ಲಿ ಬಯಲಾಯಿತು. ಆಮೇಲೆ ಇಬ್ಬರೂ ರಾಜಿಯಾದರು. ವರ್ಷಗಳಿಂದ ಮುಂದೂಡುತ್ತಿದ್ದ ‘ಹಳೆಯದನ್ನು ಕಂಟೇನರಿಗೆ ಸಾಗಿಸುವ’ ಯೋಜನೆಯ ಫೈಲುಗಳ ಧೂಳು ಕೊಡವಲು ಹಲವು ಕಂಪನಿಗಳಿಗೆ ಈ ದರಪಟ್ಟಿಯೇ ಸಾಕಾಯಿತು.

ಭಾರತದಲ್ಲಿ ಈ ‘ಹೊರಡುವ ಹಕ್ಕು’ ಬ್ಯಾಂಕುಗಳಿಗೆ ಈಗ ನಿಯಮವೇ ಆಗಿದೆ. ಐಟಿ ಸೇವೆಗಳ ಹೊರಗುತ್ತಿಗೆ ಬಗ್ಗೆ ರಿಸರ್ವ್ ಬ್ಯಾಂಕ್ 2023ರ ಏಪ್ರಿಲ್‌ನಲ್ಲಿ ಹೊರಡಿಸಿದ ನಿರ್ದೇಶನ ಅದೇ ವರ್ಷದ ಅಕ್ಟೋಬರ್ 1ರಿಂದ ಜಾರಿಗೆ ಬಂತು. ಸೇವೆ ಕೊಡುವ ಕಂಪನಿಯನ್ನು ಬಿಟ್ಟು ಹೊರಬರುವುದು ಹೇಗೆಂಬ ಯೋಜನೆ ಮೊದಲೇ ಸಿದ್ಧವಿರಬೇಕು ಎಂದಿತು ಅದು. ಸರ್ಕಾರಿ ತಂತ್ರಾಂಶದಲ್ಲೂ ಇದೇ ಜಾಡು. ನಂದನ್ ನಿಲೇಕಣಿ ಮತ್ತು ಶ್ರೀಕಾಂತ್ ನಾಧಮುನಿ 2003ರಲ್ಲಿ ಬೆಂಗಳೂರಿನಲ್ಲಿ ಹುಟ್ಟುಹಾಕಿದ ಇ-ಗವ್ ಫೌಂಡೇಶನ್ನಿನ ‘ಡಿಜಿಟ್’, ಆಸ್ತಿ ತೆರಿಗೆ, ನೀರಿನ ಬಿಲ್ಲು, ದೂರುಗಳಂಥ ನಗರಸಭೆ ಕೆಲಸಗಳಿಗಾಗಿ ರೂಪುಗೊಂಡ ಮುಕ್ತ ತಂತ್ರಾಂಶ. ಅದು ಬಿಡಿಬಿಡಿ ಕಂಟೇನರ್‌ಗಳಾಗಿ ಕುಬರ್ನೆಟಿಸ್ ಮೇಲೆ ಓಡುತ್ತದೆ. ಹಾಗಾಗಿ ರಾಜ್ಯವೊಂದು ಅದನ್ನು ತನ್ನದೇ ಡೇಟಾ ಸೆಂಟರಿನಲ್ಲೂ ಇಡಬಹುದು, ಖಾಸಗಿ ಕ್ಲೌಡಿನಲ್ಲೂ ಇಡಬಹುದು.

ಇಷ್ಟಾಗಿಯೂ ಒಂದು ತೊಡಕು ಉಳಿದಿದೆ. ಕಂಟೇನರ್ ಹಗುರ, ಅದರ ಹಿಂದಿನ ಮಾಹಿತಿರಾಶಿ ಭಾರ. ಕ್ಲೌಡ್ ಕಂಪನಿಯದೇ ವಿಶಿಷ್ಟ ಡೇಟಾಬೇಸಿಗೆ ಜೋತುಬಿದ್ದ ಪ್ರೋಗ್ರಾಮನ್ನು ಎಷ್ಟು ಅಚ್ಚುಕಟ್ಟಾಗಿ ಗಂಟು ಕಟ್ಟಿದರೂ ಅದು ಕದಲುವುದಿಲ್ಲ. ಮಾಹಿತಿಯನ್ನು ಹೊರಗೆ ಒಯ್ಯಲು ಕ್ಲೌಡ್ ಕಂಪನಿಗಳು ಗಿಗಾಬೈಟ್ ಲೆಕ್ಕದಲ್ಲಿ ಸುಂಕ ಹಾಕುತ್ತಿದ್ದವು. ಪೂರ್ತಿ ಬಿಟ್ಟು ಹೋಗುವವರಿಗೆ ಅದನ್ನು ಮನ್ನಾ ಮಾಡುವುದಾಗಿ 2024ರ ಜನವರಿಯಲ್ಲಿ ಗೂಗಲ್ ಹೇಳಿತು. ಮಾರ್ಚ್‌ನಲ್ಲಿ ಅಮೆಜಾನ್ ಮತ್ತು ಮೈಕ್ರೋಸಾಫ್ಟ್ ಹಿಂಬಾಲಿಸಿದವು. ಮೂವರಿಗೂ ಒಟ್ಟೊಟ್ಟಿಗೆ ಔದಾರ್ಯ ಉಕ್ಕಿದ್ದಕ್ಕೆ ಯುರೋಪಿನಲ್ಲಿ ಒಂದು ಕಾರಣವಿತ್ತು. ಅಲ್ಲಿನ ಡೇಟಾ ಕಾಯ್ದೆ ಆಗಲೇ ಅಂಗೀಕಾರವಾಗಿತ್ತು. 2025ರ ಸೆಪ್ಟೆಂಬರ್ 12ರಿಂದ ಅನ್ವಯವಾದ ಆ ಕಾಯ್ದೆಯ ಪ್ರಕಾರ, 2027ರ ಜನವರಿ 12ರಿಂದ ಒಂದು ಕ್ಲೌಡ್ ಬಿಟ್ಟು ಇನ್ನೊಂದಕ್ಕೆ ಹೋಗುವ ಗ್ರಾಹಕರಿಂದ ಅದಕ್ಕಾಗಿ ಒಂದು ಕಾಸನ್ನೂ ವಸೂಲು ಮಾಡುವಂತಿಲ್ಲ.